ಯೂರೋವನ್ನು ಗಂಟೆಗಳಲ್ಲಿ ಎಣಿಸಿದಾಗ

2022ರ ಅಕ್ಟೋಬರ್‌ನಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್‌ನಿಂದ ಕೆಲಸದ ಪತ್ರ ಬಂದ ರಾತ್ರಿ ನಾನು ಮಾಡಿದ ಮೊದಲ ಕೆಲಸ ಗುಣಾಕಾರ. ವರ್ಷಕ್ಕೆ 62,000 ಯೂರೋ. ಆಗ ಯೂರೋ ಒಂದಕ್ಕೆ ಸುಮಾರು 81 ರೂಪಾಯಿ. ಐವತ್ತು ಲಕ್ಷ ಎಂದು ಮಗಳ ಚಿತ್ರಪುಸ್ತಕದ ಹಿಂಬದಿಯಲ್ಲಿ ಬರೆದು, ಕೆಳಗೆ ಎರಡು ಗೆರೆ ಎಳೆದೆ. ರಾಜಾಜಿನಗರದ ಬಾಡಿಗೆ ಮನೆಯಲ್ಲಿ ಆ ರಾತ್ರಿ ನಮಗೆ ನಿದ್ದೆ ಬರಲಿಲ್ಲ.

ಈಗ ಗೆಳತಿಯರು ಯಾರಾದರೂ ಹೊರಡುತ್ತೇನೆ ಎಂದು ಕರೆ ಮಾಡಿದರೆ, ಈ ಗುಣಾಕಾರ ಮಾಡಬೇಡಿ ಎಂಬುದೇ ನನ್ನ ಮೊದಲ ಮಾತು. ರೂಪಾಯಿಯಲ್ಲಿ ಸಂಬಳ ನೋಡುವವರು ರೂಪಾಯಿಯಲ್ಲಿಯೇ ಖರ್ಚನ್ನೂ ನೋಡಬೇಕು. ಆದರೆ ಹೊರಡುವ ಮುನ್ನ ಆ ಖರ್ಚು ಯಾರ ಕಣ್ಣಿಗೂ ಬೀಳುವುದಿಲ್ಲ.

ತಿಂಗಳಿಗೆ 5,166 ಯೂರೋ ಎಂದಿದ್ದ ಸಂಬಳ 2023ರಲ್ಲಿ ಕೈಗೆ ಬಂದಾಗ ಸುಮಾರು 3,590 ಆಗಿತ್ತು. ಗಂಡ ದುಡಿಯುತ್ತಿರಲಿಲ್ಲವಾದ್ದರಿಂದ ನನಗೆ ಕಡಿಮೆ ತೆರಿಗೆ ಕಡಿತವಾಗುವ ಮೂರನೇ ತೆರಿಗೆ ವರ್ಗ ಸಿಕ್ಕಿತ್ತು. ಒಂಟಿಯಾಗಿ ಹೋಗುವವರು ಮೊದಲನೇ ವರ್ಗದಲ್ಲಿರುತ್ತಾರೆ. ಅವರ ಕೈಗೆ ಇನ್ನೂ ಕೆಲವು ನೂರು ಯೂರೋ ಕಡಿಮೆ ಬರುತ್ತದೆ. ನನ್ನ ಸಂಬಳದಲ್ಲಿ ಕಡಿತವಾದದ್ದರಲ್ಲಿ ತೆರಿಗೆಗಿಂತ ಸಾಮಾಜಿಕ ವಿಮೆಯ ಪಾಲೇ ದೊಡ್ಡದು. ಪಿಂಚಣಿಗೆ ಶೇ 18.6, ಆರೋಗ್ಯ ವಿಮೆಗೆ ಶೇ 14.6 ಮತ್ತು ವಿಮಾ ಸಂಸ್ಥೆಯ ಹೆಚ್ಚುವರಿ ವಂತಿಗೆ. ಇವುಗಳಲ್ಲಿ ಅರ್ಧ ನನ್ನದು, ಅರ್ಧ ಕಂಪನಿಯದು. ಇದನ್ನು ಕಳೆದುಹೋದ ಹಣ ಎಂದುಕೊಂಡು ಮೊದಲ ಮೂರು ತಿಂಗಳು ಕೊರಗಿದೆ. ಅದು ತಪ್ಪು ಎಣಿಕೆಯಾಗಿತ್ತು. ಬೆಂಗಳೂರಿನಲ್ಲಿ ನಾನು ಬೇರೆಯಾಗಿ ಕಟ್ಟುತ್ತಿದ್ದ ಆರೋಗ್ಯ ವಿಮೆಯ ಕಂತು ಇದರೊಳಗೇ ಇದೆ. ದುಡಿಯದ ಗಂಡನೂ ಮಗಳೂ ಒಂದು ಸೆಂಟ್ ಹೆಚ್ಚಿಗೆ ಕೊಡದೆ ಅದೇ ವಿಮೆಯಲ್ಲಿ ಸೇರಿದ್ದರು. ಪಿಂಚಣಿಗೆ ಐದು ವರ್ಷ ವಂತಿಗೆ ತುಂಬಿದರೆ ಹಕ್ಕು ಬರುತ್ತದೆ. ಭಾರತ ಮತ್ತು ಜರ್ಮನಿಯ ನಡುವಿನ ಸಾಮಾಜಿಕ ಭದ್ರತಾ ಒಪ್ಪಂದ 2017ರ ಮೇ ತಿಂಗಳಿನಿಂದ ಜಾರಿಯಲ್ಲಿದೆ. ಅದರ ಪ್ರಕಾರ ಆ ಅರ್ಹತೆಗೆ ಎರಡೂ ದೇಶಗಳಲ್ಲಿ ದುಡಿದ ಕಾಲವನ್ನು ಕೂಡಿಸಬಹುದು.

ನಾನು ಮಾಡಿದ ದೊಡ್ಡ ತಪ್ಪು ಇದಕ್ಕಿಂತ ಸರಳವಾದದ್ದು. ನನ್ನ ಹಳೆಯ ಸಂಬಳವನ್ನು ನನ್ನ ಹೊಸ ಸಂಬಳದ ಪಕ್ಕ ಇಟ್ಟೆ. ಇಡಬೇಕಾಗಿದ್ದದ್ದು ಮನೆಯ ಆದಾಯದ ಪಕ್ಕ ಮನೆಯ ಆದಾಯವನ್ನು. ಬೆಂಗಳೂರಿನಲ್ಲಿ ನನಗೆ ತಿಂಗಳಿಗೆ 1,20,000 ರೂಪಾಯಿ ಬರುತ್ತಿತ್ತು, ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಗಂಡನಿಗೆ 55,000. ಎಲ್ಲ ಖರ್ಚು ಕಳೆದು, ಶಿವಮೊಗ್ಗದಲ್ಲಿರುವ ಅಪ್ಪ ಅಮ್ಮನಿಗೆ 15,000 ಕಳುಹಿಸಿಯೂ ತಿಂಗಳಿಗೆ 55,000 ಉಳಿಯುತ್ತಿತ್ತು. ಸ್ಟುಟ್‌ಗಾರ್ಟ್‌ನ ಮೊದಲ ವರ್ಷ ತಿಂಗಳಿಗೆ ಉಳಿದದ್ದು 430 ಯೂರೋ. ಯೂರೋಗೆ 88 ರೂಪಾಯಿಯಂತೆ ಹಿಡಿದರೆ 38,000 ರೂಪಾಯಿಗೂ ತುಸು ಕಡಿಮೆ. ಐವತ್ತು ಲಕ್ಷದ ಕೆಳಗೆ ಎಳೆದ ಎರಡು ಗೆರೆಗಳು ಆಗ ನೆನಪಾದವು.

ಹಣ ಹೋದದ್ದು ಮುಖ್ಯವಾಗಿ ಮನೆಗೆ. ಜರ್ಮನಿಯ ಬಾಡಿಗೆಗೆ ಎರಡು ಹೆಸರು: ತಣ್ಣನೆಯ ಬಾಡಿಗೆ, ಬೆಚ್ಚನೆಯ ಬಾಡಿಗೆ. ಜಾಹೀರಾತಿನಲ್ಲಿ ಕಣ್ಣಿಗೆ ಬೀಳುವುದು ಮೊದಲನೆಯದು. ಬಿಸಿಯೂಡಿಕೆ, ನೀರು, ಕಸ, ಕಟ್ಟಡದ ನಿರ್ವಹಣೆ ಸೇರಿದರೆ ಎರಡನೆಯದು. ಸ್ಟುಟ್‌ಗಾರ್ಟ್‌ನ ಬಡಾವಣೆಯಾದ ಬಾಟ್ ಕಾನ್‌ಸ್ಟಾಟ್‌ನಲ್ಲಿ ನಮಗೆ ಸಿಕ್ಕ ಮನೆಯ ತಣ್ಣನೆಯ ಬಾಡಿಗೆ 1,150 ಯೂರೋ, ಬೆಚ್ಚನೆಯದು 1,400. ವಿದ್ಯುತ್ತಿಗೆ ಬೇರೆ ಕೊಡಬೇಕು. ಟಿವಿ ಇರಲಿ ಬಿಡಲಿ, ಪ್ರತಿ ಮನೆಯೂ ಸಾರ್ವಜನಿಕ ಪ್ರಸಾರಕ್ಕೆ ತಿಂಗಳಿಗೆ 18.36 ಯೂರೋ ಕೊಡಬೇಕು. ಠೇವಣಿಯಾಗಿ ಮೂರು ತಿಂಗಳ ತಣ್ಣನೆಯ ಬಾಡಿಗೆ ಕಟ್ಟಿದೆವು. ಕಾನೂನು ಅದಕ್ಕಿಂತ ಹೆಚ್ಚು ಕೇಳಲು ಬಿಡುವುದಿಲ್ಲ, ಬೆಂಗಳೂರಿನ ಹತ್ತು ತಿಂಗಳ ಮುಂಗಡ ಕೊಟ್ಟು ಬಂದವಳಿಗೆ ಇದು ಸಮಾಧಾನ ತಂದಿತು. ಆದರೆ ಮನೆಯೊಳಗೆ ಕಾಲಿಟ್ಟಾಗ ಅಡುಗೆಮನೆ ಇರಲಿಲ್ಲ. ಗೋಡೆಯಿಂದ ಎರಡು ಕೊಳವೆ ಚಾಚಿಕೊಂಡಿದ್ದವು, ಅಷ್ಟೆ. ಒಲೆ, ಸಿಂಕ್, ಕಪಾಟು ಎಲ್ಲವನ್ನೂ ಬಾಡಿಗೆದಾರರೇ ತಂದು ಜೋಡಿಸಿಕೊಳ್ಳುವುದು ಇಲ್ಲಿ ಸಾಮಾನ್ಯ. 1,800 ಯೂರೋ ಕೊಟ್ಟು ಹಳೆಯದೊಂದನ್ನು ಕೊಳ್ಳುವವರೆಗೆ ಹನ್ನೊಂದು ದಿನ ವಿದ್ಯುತ್ ಕುಕ್ಕರ್‌ನಲ್ಲಿ ಅನ್ನ ಮಾಡಿ ಮೊಸರಿನಲ್ಲಿ ಕಲಸಿ ಉಂಡೆವು.

ಅಂತರಜಾಲದಲ್ಲಿ ಸಿಗುವ ಜೀವನವೆಚ್ಚದ ಸೂಚ್ಯಂಕಗಳಲ್ಲಿ ನ್ಯೂಯಾರ್ಕ್ ನಗರವನ್ನು 100 ಎಂದಿಟ್ಟುಕೊಂಡು ಉಳಿದ ಊರುಗಳನ್ನು ಅಳೆಯುವುದುಂಟು. ನ್ಯೂಯಾರ್ಕನ್ನು ನಾನು ಕಂಡಿಲ್ಲ. ಅಲ್ಲಿನ ಸರಾಸರಿ ಮನುಷ್ಯ ಕೊಳ್ಳುವುದನ್ನೆಲ್ಲ ನಾನು ಕೊಳ್ಳುವುದೂ ಇಲ್ಲ. ಹಾಗಾಗಿ 2023ರ ಬೇಸಿಗೆಯಲ್ಲಿ ನನ್ನದೇ ಒಂದು ಅಳತೆ ಮಾಡಿಕೊಂಡೆ. ಕೈಗೆ ಬರುವ ಸಂಬಳವನ್ನು ದುಡಿದ ಗಂಟೆಗಳಿಂದ ಭಾಗಿಸಿದೆ. ಬೆಂಗಳೂರಿನಲ್ಲಿ ನನ್ನ ಒಂದು ಗಂಟೆಗೆ ಸುಮಾರು 700 ರೂಪಾಯಿ, ಇಲ್ಲಿ ಸುಮಾರು 21 ಯೂರೋ. ಆಮೇಲೆ ಪ್ರತಿ ವಸ್ತುವಿನ ಬೆಲೆಯನ್ನೂ ನನ್ನ ದುಡಿಮೆಯ ಹೊತ್ತಿಗೆ ತಿರುಗಿಸುತ್ತಾ ಹೋದೆ.

ಒಂದು ಲೀಟರ್ ಹಾಲು: ಹೊರಡುವಾಗ ನಂದಿನಿ ಟೋನ್ಡ್ ಹಾಲಿಗೆ 39 ರೂಪಾಯಿ, ಅಂದರೆ ಮೂರು ನಿಮಿಷದ ದುಡಿಮೆ. ಇಲ್ಲಿ 1.10 ಯೂರೋ, ಅದೂ ಮೂರು ನಿಮಿಷ. ಬಟ್ಟೆ ಒಗೆಯುವ ಯಂತ್ರ ಅಲ್ಲಿ 32,000 ರೂಪಾಯಿ, 46 ಗಂಟೆ. ಇಲ್ಲಿ 550 ಯೂರೋ, 26 ಗಂಟೆ. ಯಂತ್ರ ಇಲ್ಲಿಯೇ ಅಗ್ಗ! ಮಗಳ ಕೂದಲು ಕತ್ತರಿಸಲು ಅಲ್ಲಿ 150 ರೂಪಾಯಿ, 13 ನಿಮಿಷ. ಇಲ್ಲಿ 18 ಯೂರೋ, 51 ನಿಮಿಷ. ಆರು ಕಿಲೋಮೀಟರ್ ಆಟೋಗೆ ಅಲ್ಲಿ ಆಗಿನ ಮೀಟರ್ ದರ 90 ರೂಪಾಯಿ, ಎಂಟು ನಿಮಿಷ. ಇಲ್ಲಿ ಟ್ಯಾಕ್ಸಿಗೆ ಸುಮಾರು 20 ಯೂರೋ, ಹೆಚ್ಚುಕಡಿಮೆ ಒಂದು ಗಂಟೆ. ನಲ್ಲಿ ಸೋರಿದಾಗ ಅಲ್ಲಿ ಪ್ಲಂಬರ್‌ಗೆ 400 ರೂಪಾಯಿ, ಅರ್ಧ ಗಂಟೆಗಿಂತ ತುಸು ಹೆಚ್ಚು. ಇಲ್ಲಿ ಬಿಲ್ 140 ಯೂರೋ, ಆರು ಗಂಟೆ ನಲವತ್ತು ನಿಮಿಷ.

ಪಟ್ಟಿ ಉದ್ದವಾದಂತೆ ಒಂದು ಸಂಗತಿ ನಿಚ್ಚಳವಾಯಿತು. ಕಾರ್ಖಾನೆಯಿಂದ ಬರುವ ವಸ್ತುವಾಗಲಿ ಅಂಗಡಿಯ ದಿನಸಿಯಾಗಲಿ ಇಲ್ಲಿ ನನಗೆ ದುಬಾರಿಯಲ್ಲ. ದುಬಾರಿಯಾಗಿರುವುದು ಇನ್ನೊಬ್ಬರ ಕೈ. 2022ರ ಅಕ್ಟೋಬರ್‌ನಿಂದ ಇಲ್ಲಿ ಗಂಟೆಯ ಕನಿಷ್ಠ ಕೂಲಿ 12 ಯೂರೋ ಇತ್ತು. ನನ್ನ ಕೈಗೆ ಬರುತ್ತಿದ್ದದ್ದರ ಅರ್ಧಕ್ಕಿಂತ ಹೆಚ್ಚು. ರಾಜಾಜಿನಗರದಲ್ಲಿ ಅಡುಗೆಯ ಅಕ್ಕ ಬೆಳಗ್ಗೆ ಒಂದೂವರೆ ಗಂಟೆ, ತಿಂಗಳಿಗೆ 26 ದಿನ ಬಂದು ಪಡೆಯುತ್ತಿದ್ದದ್ದು 5,000 ರೂಪಾಯಿ. ಗಂಟೆಗೆ 128. ನನ್ನ ಗಂಟೆಯ ಐದನೇ ಒಂದು ಭಾಗವೂ ಅಲ್ಲ. ಬೆಂಗಳೂರಿನಲ್ಲಿ ಜೀವನ ಅಗ್ಗ ಎಂದು ನಾನು ಹೇಳುತ್ತಿದ್ದದ್ದರಲ್ಲಿ ಎಷ್ಟು ಪಾಲು ಈ 128 ರೂಪಾಯಿಯ ಮೇಲೆ ನಿಂತಿತ್ತು ಎಂಬುದು ಆ ಸಂಜೆ ಕಂಡಿತು. ಅವರಿಗೆ ಕಡಿಮೆ ಕೊಡುತ್ತಿದ್ದೇನೆ ಎಂದು ಅಲ್ಲಿದ್ದಾಗ ನನಗೆ ಒಮ್ಮೆಯೂ ಅನ್ನಿಸಿರಲಿಲ್ಲ.

ಇಲ್ಲಿ ಅಡುಗೆ, ಪಾತ್ರೆ, ನೆಲ ಎಲ್ಲವೂ ನಮ್ಮದೇ ಕೈಯಲ್ಲಿ. ನಮ್ಮ ಮನೆಯಷ್ಟೇ ಅಲ್ಲ, ಕಟ್ಟಡದ ಮೆಟ್ಟಿಲೂ ಕೂಡ. ಈ ಸೀಮೆಯಲ್ಲಿ ಕೇರ್‌ವೋಖೆ ಎಂಬ ಪದ್ಧತಿಯಿದೆ, ಗುಡಿಸುವ ವಾರ ಎಂದು ಅರ್ಥ. ಸರದಿ ಬಂದ ವಾರ ಬಾಗಿಲಿಗೆ ಒಂದು ಫಲಕ ತೂಗುತ್ತದೆ. ಆ ಮನೆಯವರು ಮೆಟ್ಟಿಲು ಒರೆಸಬೇಕು. ದೊಡ್ಡ ಸರದಿಯಲ್ಲಿ ಕಟ್ಟಡದ ಮುಂದಿನ ಕಾಲುದಾರಿ ಗುಡಿಸಬೇಕು, ಚಳಿಗಾಲವಾದರೆ ಹಿಮ ತೆಗೆಯಬೇಕು. ಕೆಳಮನೆಯ ನಿವೃತ್ತ ವೈದ್ಯೆಯೂ ಒರೆಸುತ್ತಾರೆ, ಮೇಲಿನ ಮನೆಯ ಬಸ್ ಚಾಲಕರೂ ಒರೆಸುತ್ತಾರೆ. ಇದನ್ನು ಹೊರೆ ಎಂದು ಬರೆಯಬೇಕೋ ಲಾಭ ಎಂದು ಬರೆಯಬೇಕೋ ಎಂದು ಬಹಳ ದಿನ ಯೋಚಿಸಿದೆ. ಕೊನೆಗೆ ಮನೆಗೆಲಸಕ್ಕೆ ವಾರಕ್ಕೆ ಹದಿನಾಲ್ಕು ಗಂಟೆ ಎಂದು ಖರ್ಚಿನಲ್ಲಿಯೇ ಬರೆದೆ. ಹೊರಡುವವರು ಈ ಹದಿನಾಲ್ಕು ಗಂಟೆಗಳನ್ನು ಗಂಡ ಹೆಂಡತಿ ಹೇಗೆ ಹಂಚಿಕೊಳ್ಳುತ್ತೀರಿ ಎಂದು ವಿಮಾನ ಹತ್ತುವ ಮೊದಲೇ ಮಾತಾಡಿಕೊಳ್ಳಬೇಕು. ಮಾತಾಡಿಕೊಳ್ಳದಿದ್ದರೆ ಅವು ಹೆಂಗಸಿನ ಪಾಲಿಗೇ ಬೀಳುತ್ತವೆ.

ಜಮೆಯ ಕಡೆ ಬರೆದದ್ದೂ ಸಣ್ಣದಲ್ಲ. ಮಗುವಿನ ಭತ್ಯೆ 2023ರಲ್ಲಿ ತಿಂಗಳಿಗೆ 250 ಯೂರೋ ಇತ್ತು. ಅದು ಹೆಚ್ಚುಕಡಿಮೆ ಶಿಶುವಿಹಾರದ ಶುಲ್ಕಕ್ಕೆ ಸರಿಹೋಯಿತು, ಆದರೆ ಅಲ್ಲಿ ಜಾಗ ಸಿಗಲು ಏಳು ತಿಂಗಳು ಕಾದೆವು. ನನಗೆ ನ್ಯುಮೋನಿಯಾ ಆದಾಗ ಮೂರು ವಾರ ಪೂರ್ತಿ ಸಂಬಳದೊಂದಿಗೆ ಮಲಗಿದ್ದೆ. ಆರು ವಾರದವರೆಗೆ ಕಂಪನಿ ಕೊಡಬೇಕೆಂಬುದು ಕಾನೂನು. ರಜೆ ಕೇಳಲು ಹೆದರಬೇಕಾಗಿಲ್ಲದ ಕೆಲಸವನ್ನು ನಾನು ಅದುವರೆಗೆ ಕಂಡಿರಲಿಲ್ಲ. ಬೆಂಗಳೂರಿನಲ್ಲಿ ದಿನಕ್ಕೆ ಎರಡೂವರೆ ಗಂಟೆ ರಸ್ತೆಯಲ್ಲಿ ಕಳೆಯುತ್ತಿದ್ದೆ, ಇಲ್ಲಿ ನಲವತ್ತು ನಿಮಿಷ. ಮನೆಗೆಲಸದ ಗಂಟೆಗಳಲ್ಲಿ ಬಹುಪಾಲು ಹೀಗೆ ಉಳಿದ ಹೊತ್ತಿನಿಂದಲೇ ಬಂತು.

ಹಾಗೆಂದು ಎಲ್ಲವೂ ಗಂಟೆಗೆ ಇಳಿಯುವುದಿಲ್ಲ. ಹದಿನೇಳು ವರ್ಷ ಪಾಠ ಹೇಳಿದ ನನ್ನ ಗಂಡ ಭಾಷೆ ಕಲಿಯುತ್ತಾ ಒಂದೂವರೆ ವರ್ಷ ಕಳೆದರು. ಆಮೇಲೆ ಸಿಕ್ಕದ್ದು ಗೋದಾಮಿನಲ್ಲಿ ಅರೆಕಾಲಿಕ ಕೆಲಸ. ಅವರು ದೂರಲಿಲ್ಲ. ಆದರೆ ಡಿಸೆಂಬರ್‌ನಲ್ಲಿ ನಾಲ್ಕೂವರೆಗೆಲ್ಲ ಕತ್ತಲಾಗುವ ಸಂಜೆಗಳಲ್ಲಿ, ಮಗಳಿಗೆ ಗುರುತ್ವಾಕರ್ಷಣೆ ವಿವರಿಸುವಾಗ ಅವರ ದನಿ ಏರುವುದನ್ನು ಕೇಳಿದ್ದೇನೆ. ಆ ದನಿಯನ್ನು ಬರೆಯಲು ನನ್ನ ಪಟ್ಟಿಯಲ್ಲಿ ಅಂಕಣವಿಲ್ಲ.

2024ರ ಆಗಸ್ಟ್‌ನಲ್ಲಿ ಅಪ್ಪ ಬಚ್ಚಲುಮನೆಯಲ್ಲಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ರಾಜಾಜಿನಗರದಲ್ಲಿದ್ದಾಗ ಶಿವಮೊಗ್ಗ ನನಗೆ ಐದು ಗಂಟೆಯ ದಾರಿ. ಸ್ಟುಟ್‌ಗಾರ್ಟ್‌ನಿಂದ ಫ್ರಾಂಕ್‌ಫರ್ಟ್‌ಗೆ ರೈಲು, ಅಲ್ಲಿಂದ ವಿಮಾನ, ಬೆಂಗಳೂರಿನಿಂದ ಕಾರು. ಮನೆ ಬಿಟ್ಟು ಆಸ್ಪತ್ರೆಯ ಬಾಗಿಲು ಮುಟ್ಟಲು 26 ಗಂಟೆ. ತುರ್ತಿನ ಟಿಕೆಟ್‌ಗೆ 1,150 ಯೂರೋ. ನಾನು ತಲುಪುವಷ್ಟರಲ್ಲಿ ಶಸ್ತ್ರಚಿಕಿತ್ಸೆ ಮುಗಿದಿತ್ತು. ಒಪ್ಪಿಗೆ ಪತ್ರಕ್ಕೆ ಅಮ್ಮ ಒಬ್ಬರೇ ಸಹಿ ಹಾಕಿದ್ದರು.

ವಾಪಸು ಬಂದ ವಾರ ಪಟ್ಟಿಗೆ ಹೊಸ ಸಾಲು ಸೇರಿಸಿದೆ: ಅಪ್ಪ ಅಮ್ಮನ ಬಳಿ ತಲುಪುವ ಗಂಟೆ, ಅಲ್ಲಿ 5, ಇಲ್ಲಿ 26. ತುರ್ತು ಪ್ರಯಾಣಕ್ಕೆಂದು ಬೇರೆಯದೇ ಖಾತೆ ತೆರೆದು ತಿಂಗಳಿಗೆ 120 ಯೂರೋ ಹಾಕುತ್ತಿದ್ದೇವೆ. ಇಬ್ಬರ ಟಿಕೆಟ್‌ನಷ್ಟಾದರೂ ಅದರಲ್ಲಿ ಸದಾ ಇರಬೇಕೆಂದು ಮಾತಾಗಿದೆ. ಶಿವಮೊಗ್ಗದಲ್ಲಿ ರಾತ್ರಿ ಹೊತ್ತು ಕರೆದರೆ ಬರುವ ಇಬ್ಬರು ನೆರೆಯವರ ಸಂಖ್ಯೆಯನ್ನೂ, ಅಪ್ಪನ ವಿಮೆಯ ಕಾಗದದ ಪ್ರತಿಯನ್ನೂ ಇಲ್ಲಿಯ ಕಪಾಟಿನಲ್ಲಿ ಇಟ್ಟುಕೊಂಡಿದ್ದೇನೆ. ಇದನ್ನೆಲ್ಲ ನಾನು ಹೊರಡುವ ಮೊದಲೇ ಮಾಡಬೇಕಾಗಿತ್ತು.