ಕಾಲು ಉಳುಕಿದರೆ: ಮೊದಲ ಗಂಟೆಯಿಂದ ಮೈದಾನಕ್ಕೆ ಮರಳುವವರೆಗೆ

ಕಾಲು ಉಳುಕುವುದನ್ನು ಬಹಳ ಮಂದಿ ಗಾಯವೆಂದೇ ಎಣಿಸುವುದಿಲ್ಲ. ಎರಡು ದಿನ ಕುಂಟಿ, ನೋವು ತಗ್ಗಿದ ಕೂಡಲೇ ಆಟಕ್ಕೆ ಇಳಿಯುತ್ತಾರೆ. ಸ್ವಲ್ಪ ಕಾಲದಲ್ಲೇ ಅದೇ ಪಾದ ಮತ್ತೆ ಹೊರಳುತ್ತದೆ. ನೋವು ಇಳಿಯುವುದೂ ಕೀಲು ಗಟ್ಟಿಯಾಗುವುದೂ ಒಟ್ಟಿಗೇ ಆಗುವುದಿಲ್ಲವಾದ್ದರಿಂದ, ಮುಂದಿನ ಹೆಜ್ಜೆ ಇಡಬಹುದೇ ಎಂಬುದನ್ನು ದಿನಗಳ ಲೆಕ್ಕದಿಂದಲ್ಲ, ಆ ಕಾಲು ಈಗ ಏನು ಮಾಡಬಲ್ಲದು ಎಂಬುದನ್ನು ನೋಡಿ ತೀರ್ಮಾನಿಸಬೇಕು.

ಸಾಮಾನ್ಯವಾಗಿ ಪಾದ ಒಳಮುಖವಾಗಿ ಮಡಚಿಕೊಂಡು, ದೇಹದ ಭಾರವೆಲ್ಲ ಅದರ ಹೊರ ಅಂಚಿನ ಮೇಲೆ ಬಿದ್ದಾಗ ಉಳುಕು ಉಂಟಾಗುತ್ತದೆ. ಪಾದದ ಕೀಲಿನ ಹೊರಬದಿಯಲ್ಲಿ ಮೂಳೆಗೆ ಮೂಳೆಯನ್ನು ಕಟ್ಟಿಡುವ ಮೂರು ನಾರುಪಟ್ಟಿಗಳಿವೆ, ಇವೇ ಲಿಗಮೆಂಟುಗಳು. ಅವುಗಳಲ್ಲಿ ಮುಂದಿರುವುದು, ಅಂದರೆ ಕಾಲಿನ ಹೊರಬದಿಯ ಫಿಬ್ಯುಲಾ ಮೂಳೆಯನ್ನು ಪಾದದ ಕೀಲಿನೊಳಗಿನ ತಾಲಸ್ ಮೂಳೆಗೆ ಬಿಗಿದಿಡುವುದು, ಎಲ್ಲಕ್ಕಿಂತ ಮೊದಲು ಹರಿಯುತ್ತದೆ. ಜಿಗಿದು ನೆಲಕ್ಕಿಳಿಯುವಾಗ ಬೆರಳುಗಳು ಕೆಳಮುಖವಾಗಿರುತ್ತವೆ. ಆ ಭಂಗಿಯಲ್ಲಿ ತಾಲಸ್‌ನ ಕಿರಿದಾದ ಹಿಂಭಾಗ ಕೀಲಿನೊಳಗೆ ಬಂದು ಕೂರುವುದರಿಂದ ಮೂಳೆಗಳ ಹಿಡಿತ ಸಡಿಲವಾಗಿ, ಎಳೆತವೆಲ್ಲ ಈ ಒಂದು ಲಿಗಮೆಂಟಿನ ಮೇಲೆ ಬೀಳುತ್ತದೆ.

ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ, ಮೂಳೆ ಮುರಿದಿದೆಯೇ ಎಂಬುದು. ಊತದ ಗಾತ್ರವನ್ನು ನೋಡಿ ಇದನ್ನು ಹೇಳಲಾಗದು. ಮೂಳೆ ಸರಿಯಿದ್ದರೂ ಪಾದ ಭಯಂಕರವಾಗಿ ಊದಿಕೊಳ್ಳಬಹುದು. ಕೆನಡಾದ ಒಟ್ಟಾವಾದಲ್ಲಿ ವೈದ್ಯರು 1992ರಲ್ಲಿ ಪ್ರಕಟಿಸಿದ ನಿಯಮಗಳು ಇಂದಿಗೂ ಇದಕ್ಕೆ ಒಳ್ಳೆಯ ಅಳತೆಗೋಲು. ಗಿಣ್ಣಿನ, ಅಂದರೆ ಕೀಲಿನ ಬದಿಯಲ್ಲಿ ಉಬ್ಬಿರುವ ಮೂಳೆಯ, ಕೆಳತುದಿಯಿಂದ ಆರಂಭಿಸಿ, ಮೂಳೆಯ ಹಿಂದಿನ ಅಂಚಿನಗುಂಟ ಮೇಲಕ್ಕೆ ಸುಮಾರು 6 ಸೆಂಟಿಮೀಟರ್‌ವರೆಗೆ ಬೆರಳ ತುದಿಯಿಂದ ಒತ್ತುತ್ತಾ ಹೋಗಬೇಕು. ಹೊರಗಿಣ್ಣು, ಒಳಗಿಣ್ಣು ಎರಡನ್ನೂ ಹೀಗೆ ಪರೀಕ್ಷಿಸಿ, ಬಳಿಕ ಪಾದದ ಹೊರ ಅಂಚಿನ ನಡುವೆ ಉಬ್ಬಿದಂತಿರುವ ಐದನೇ ಮೆಟಾಟಾರ್ಸಲ್ ಮೂಳೆಯ ಬುಡವನ್ನೂ, ಒಳಬದಿಯ ಕಮಾನಿನ ಮೇಲ್ಭಾಗದಲ್ಲಿರುವ ನ್ಯಾವಿಕ್ಯುಲರ್ ಮೂಳೆಯನ್ನೂ ಒತ್ತಿ ನೋಡಬೇಕು. ಈ ನಾಲ್ಕರಲ್ಲಿ ಎಲ್ಲಿಯಾದರೂ ಮೂಳೆಯ ಮೇಲೆಯೇ ನೋವಾದರೆ, ಅಥವಾ ಪೆಟ್ಟಾದ ಕೂಡಲೇ ಹಾಗೂ ಪರೀಕ್ಷೆಯ ಹೊತ್ತಿಗೂ ನಾಲ್ಕು ಹೆಜ್ಜೆ ಇಡಲಾಗದಿದ್ದರೆ, ಎಕ್ಸ್‌-ರೇ ಬೇಕು. ಕುಂಟುತ್ತಾ ಇಟ್ಟ ಹೆಜ್ಜೆಯೂ ಹೆಜ್ಜೆಯೇ.

ಈ ನಿಯಮಗಳನ್ನು ಎಲ್ಲರಿಗೂ ಅನ್ವಯಿಸಲಾಗದು. ಮದ್ಯ ಸೇವಿಸಿದವರಲ್ಲಿ, ಮಧುಮೇಹದಿಂದ ಪಾದದ ಸ್ಪರ್ಶಜ್ಞಾನ ಕುಂದಿದವರಲ್ಲಿ, ನೋವು ಎಲ್ಲಿದೆ ಎಂದು ಹೇಳಲಾಗದ ಚಿಕ್ಕ ಮಕ್ಕಳಲ್ಲಿ ಇವನ್ನು ನಂಬಿ ಕೂರಬಾರದು. ಬೆಳೆಯುವ ಮಕ್ಕಳಲ್ಲಿ ಮೂಳೆಯ ತುದಿಯ ಬೆಳವಣಿಗೆಯ ಫಲಕಕ್ಕೂ ಪೆಟ್ಟಾಗಿರಬಹುದಾದ್ದರಿಂದ ಗಿಣ್ಣಿನ ಮೇಲೆ ನೋವಿದ್ದರೆ ವೈದ್ಯರಿಗೇ ತೋರಿಸುವುದು ಲೇಸು. ಪಾದ ಓರೆಯಾಗಿ ಕಂಡರೆ, ತಣ್ಣಗಾಗಿ ಬಿಳುಚಿಕೊಂಡರೆ ಅಥವಾ ಜೋಮು ಹಿಡಿದರೆ ತುರ್ತು ಚಿಕಿತ್ಸೆಗೆ ಹೋಗಬೇಕು. ಮೀನಖಂಡದ ನಡುಭಾಗವನ್ನು ಎರಡೂ ಕಡೆಯಿಂದ ಹಿಂಡಿದಾಗ ಕೆಳಗೆ ಕೀಲಿನ ಬಳಿ ನೋವು ಬಂದರೆ, ಕಾಲಿನ ಎರಡು ಮೂಳೆಗಳನ್ನು ಜೋಡಿಸುವ ಮೇಲಿನ ಬಂಧಕ್ಕೆ ಪೆಟ್ಟಾಗಿರುವ ಸಂಭವವಿದೆ. ಅದರ ಚಿಕಿತ್ಸೆಯೇ ಬೇರೆ, ಗುಣವಾಗಲು ಹಿಡಿಯುವ ಕಾಲವೂ ಹೆಚ್ಚು.

ಮುರಿತವಿಲ್ಲವೆಂದಾದರೆ, ಮೊದಲ ಎರಡು ಮೂರು ದಿನಗಳ ಕೆಲಸ ಊತವನ್ನು ಹಿಡಿತದಲ್ಲಿಡುವುದು. ಕ್ರೇಪ್ ಬ್ಯಾಂಡೇಜನ್ನು ಬೆರಳುಗಳ ಬುಡದಿಂದ ಆರಂಭಿಸಿ, ಪ್ರತಿ ಸುತ್ತು ಹಿಂದಿನ ಸುತ್ತಿನ ಅರ್ಧವನ್ನು ಮುಚ್ಚುವಂತೆ, ಹಿಮ್ಮಡಿಯನ್ನೂ ಸೇರಿಸಿಕೊಂಡು ಮೇಲಕ್ಕೆ ಸುತ್ತಬೇಕು. ಕೆಳಗೆ ಬಿಗಿಯಾಗಿಯೂ ಮೇಲೇರಿದಂತೆ ತುಸು ಸಡಿಲವಾಗಿಯೂ ಇರಬೇಕು. ಸುತ್ತಿದ ಬಳಿಕ ಹೆಬ್ಬೆರಳಿನ ಉಗುರನ್ನು ಒತ್ತಿ ಬಿಟ್ಟು, ಬಿಳಿಚಿದ ಉಗುರಿಗೆ ತಕ್ಷಣ ಬಣ್ಣ ಮರಳುತ್ತದೆಯೇ ಎಂದು ನೋಡಬೇಕು. ತಡವಾದರೆ ಬಿಚ್ಚಿ ಮತ್ತೆ ಸುತ್ತಬೇಕು. ಮಲಗಿದಾಗ ಪಾದ ಎದೆಯ ಮಟ್ಟಕ್ಕಿಂತ ಮೇಲಿರಲಿ.

ಮಂಜುಗಡ್ಡೆಯ ವಿಷಯದಲ್ಲಿ ಅಭಿಪ್ರಾಯ ಬದಲಾಗಿದೆ. ವಿಶ್ರಾಂತಿ, ಮಂಜುಗಡ್ಡೆ, ಬಿಗಿಪಟ್ಟಿ, ಎತ್ತರ ಎಂಬ ನಾಲ್ಕರ ಸೂತ್ರವನ್ನು 1978ರಲ್ಲಿ ಜನಪ್ರಿಯಗೊಳಿಸಿದ ಅಮೆರಿಕದ ವೈದ್ಯ ಗೇಬ್ ಮಿರ್ಕಿನ್ ಅವರೇ, ಮಂಜುಗಡ್ಡೆ ಮತ್ತು ಪೂರ್ಣ ವಿಶ್ರಾಂತಿ ಎರಡೂ ಗುಣವಾಗುವುದನ್ನು ತಡಮಾಡಬಹುದೆಂದು ಮುಂದೆ ಒಪ್ಪಿಕೊಂಡರು. ನೋವು ತಡೆಯಲಾಗದಿದ್ದರೆ ಬಟ್ಟೆಯಲ್ಲಿ ಸುತ್ತಿ 10ರಿಂದ 15 ನಿಮಿಷ ಇಡಬಹುದು, ಅಷ್ಟೇ. ಅದು ನೋವಿಗೆ ಮದ್ದೇ ಹೊರತು ಹರಿದ ಲಿಗಮೆಂಟಿಗಲ್ಲ. ಈ ದಿನಗಳಲ್ಲಿ ಬಿಸಿ ಶಾಖ, ಮದ್ಯ ಎರಡೂ ಬೇಡ. ಬಲವಾಗಿ ಉಜ್ಜುವುದು, ಪಾದವನ್ನು ಎಳೆದು ‘ಸರಿಮಾಡುವುದು’ ಇನ್ನೂ ಕೆಟ್ಟದ್ದು: ಉಳುಕಿನಲ್ಲಿ ಜಾರಿದ ಮೂಳೆಯೊಂದು ಸ್ವಸ್ಥಾನಕ್ಕೆ ಬರಲು ಕಾದಿರುವುದಿಲ್ಲ, ಹರಿದ ನಾರುಗಳಷ್ಟೇ ಇರುತ್ತವೆ. ನೋವಿಗೆ ಪ್ಯಾರಾಸಿಟಮಾಲ್ ಸಾಮಾನ್ಯವಾಗಿ ಸಾಕು. ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ ಇರುವವರು ಅಥವಾ ರಕ್ತ ತೆಳುವಾಗಿಸುವ ಔಷಧಿ ಸೇವಿಸುವವರು ವೈದ್ಯರನ್ನು ಕೇಳದೆ ಐಬುಪ್ರೊಫೆನ್ ನುಂಗಬಾರದು.

ಲಿಗಮೆಂಟ್ ಎಷ್ಟು ಹರಿದಿದೆ ಎಂಬುದು ಮೊದಲ ದಿನ ಸರಿಯಾಗಿ ತಿಳಿಯುವುದಿಲ್ಲ. ನೋವು ಮತ್ತು ಊತ ಕೀಲನ್ನು ಅಲುಗಿಸಲು ಬಿಡುವುದಿಲ್ಲವಾದ್ದರಿಂದ, ನಾಲ್ಕೈದು ದಿನಗಳ ಬಳಿಕ ಮತ್ತೊಮ್ಮೆ ಪರೀಕ್ಷಿಸಿದರೆ ನಿರ್ಣಯ ಹೆಚ್ಚು ನಿಖರವಾಗಿರುತ್ತದೆ. ಪೂರ್ತಿ ಹರಿದಿದ್ದರೂ ಬಹುಪಾಲು ಮಂದಿಗೆ ಶಸ್ತ್ರಚಿಕಿತ್ಸೆ ಬೇಕಾಗುವುದಿಲ್ಲ.

ಇಷ್ಟರಲ್ಲಿ ಚಲನೆ ಆರಂಭವಾಗಿರಬೇಕು. ವಾರಗಟ್ಟಲೆ ಪ್ಲಾಸ್ಟರ್ ಹಾಕಿ ಕೂರಿಸುವುದಕ್ಕಿಂತ, ಬ್ರೇಸ್ (ಕೀಲಿಗೆ ಆಸರೆ ಕೊಡುವ ಕವಚ) ತೊಟ್ಟು ನೋವಿನ ಮಿತಿಯಲ್ಲಿ ಭಾರ ಹಾಕುವವರು ಬೇಗ ಸುಧಾರಿಸುತ್ತಾರೆ. ಕುಳಿತಲ್ಲೇ ಹೆಬ್ಬೆರಳಿನಿಂದ ಗಾಳಿಯಲ್ಲಿ ಅಕ್ಷರಗಳನ್ನು ಬರೆಯುವುದು ಮೊದಲ ವ್ಯಾಯಾಮ. ಬಳಿಕ ರಬ್ಬರ್ ಪಟ್ಟಿಯ ಎದುರಾಗಿ ಪಾದವನ್ನು ಹೊರಕ್ಕೆ ತಳ್ಳುವುದು, ಗೋಡೆ ಹಿಡಿದು ಹಿಮ್ಮಡಿ ಎತ್ತುವುದು, ಮೊದಲು ಎರಡೂ ಕಾಲಿನ ಮೇಲೆ, ನಂತರ ಒಂದೇ ಕಾಲಿನ ಮೇಲೆ. ಹಿಮ್ಮಡಿ ನೆಲಬಿಡದಂತೆ ಮೊಣಕಾಲನ್ನು ಗೋಡೆಗೆ ಮುಟ್ಟಿಸಿ, ಹೆಬ್ಬೆರಳು ಗೋಡೆಯಿಂದ ಎಷ್ಟು ದೂರವಿರಬಲ್ಲದು ಎಂದು ಎರಡೂ ಕಡೆ ಅಳೆದರೆ ಬಿಗಿತ ಎಷ್ಟು ಉಳಿದಿದೆ ಎಂಬುದು ಗೊತ್ತಾಗುತ್ತದೆ. ವ್ಯಾಯಾಮದ ನೋವು ಮರುದಿನ ಬೆಳಿಗ್ಗೆಯೂ ಉಳಿದರೆ, ಊತ ಹೆಚ್ಚಿದರೆ, ಹಿಂದಿನ ದಿನ ಮಾಡಿದ್ದು ಜಾಸ್ತಿಯಾಯಿತೆಂದು ತಿಳಿಯಬೇಕು.

ಜನ ಬಿಟ್ಟುಬಿಡುವುದು ಸಮತೋಲನದ ಅಭ್ಯಾಸವನ್ನು. ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದೂ ಅದೇ. ಪಾದ ಯಾವ ಕೋನದಲ್ಲಿದೆ ಎಂದು ಮಿದುಳಿಗೆ ತಿಳಿಸುವ ನರತುದಿಗಳು ಲಿಗಮೆಂಟಿನಲ್ಲೂ ಇವೆ, ಅದು ಹರಿದಾಗ ಆ ಸುದ್ದಿಯೂ ಕೆಡುತ್ತದೆ. ಪಾದ ಹೊರಳತೊಡಗಿದಾಗ ಅದನ್ನು ಹಿಡಿದು ನಿಲ್ಲಿಸಬೇಕಾದ ಹೊರಬದಿಯ ಸ್ನಾಯುಗಳು ತಡವಾಗಿ ಎಚ್ಚರಗೊಳ್ಳುತ್ತವೆ. ಬರಿಗಾಲಿನಲ್ಲಿ ಒಂಟಿ ಕಾಲಿನ ಮೇಲೆ ಅರ್ಧ ನಿಮಿಷ ನಿಲ್ಲುವುದರಿಂದ ಆರಂಭಿಸಿ, ಅದು ಸಲೀಸಾದ ಬಳಿಕ ಕಣ್ಣು ಮುಚ್ಚಿ, ಮುಂದೆ ಮಡಚಿದ ಮೆತ್ತೆಯ ಮೇಲೆ, ಕೊನೆಗೆ ಚೆಂಡನ್ನು ಎಸೆದು ಹಿಡಿಯುತ್ತಾ ನಿಲ್ಲುವುದನ್ನು ರೂಢಿಸಿಕೊಳ್ಳಬೇಕು. ಕಣ್ಣು ಮುಚ್ಚಿದಾಗ ಗೋಡೆ ಕೈಗೆಟುಕುವಂತಿರಲಿ. ಆಟಕ್ಕೆ ಮರಳಿದ ನಂತರವೂ ಇದನ್ನು ಕೆಲವು ತಿಂಗಳು ಬಿಡಬಾರದು.

ಒಂಟಿ ಕಾಲಿನಲ್ಲಿ ಹಿಮ್ಮಡಿ ಎತ್ತುವ ಎಣಿಕೆ, ಒಂಟಿ ಕಾಲಿನ ಜಿಗಿತದ ದೂರ ಎರಡೂ ಇನ್ನೊಂದು ಕಾಲಿಗೆ ಹೆಚ್ಚುಕಡಿಮೆ ಸಮನಾಗಿ, ನೇರ ಓಟದ ಬಳಿಕ ವೇಗದಲ್ಲಿ ದಿಕ್ಕು ಬದಲಿಸಿದರೂ ಅಳುಕಿಲ್ಲದಿದ್ದರೆ ಪೂರ್ಣ ಅಭ್ಯಾಸಕ್ಕೆ ಇಳಿಯಬಹುದು. ಮೊದಲ ಕೆಲವು ತಿಂಗಳು ಆಡುವಾಗ ಬ್ರೇಸ್ ಅಥವಾ ಟೇಪ್ ಇರಲಿ. ಅದರಿಂದ ಕಾಲು ದುರ್ಬಲವಾಗುತ್ತದೆಂಬ ಮಾತಿಗೆ ಆಧಾರವಿಲ್ಲ.

ಆರೆಂಟು ವಾರ ಸರಿಯಾಗಿ ವ್ಯಾಯಾಮ ಮಾಡಿದ ಮೇಲೂ ಕೀಲಿನ ಆಳದಲ್ಲಿ ನೋವಿದ್ದರೆ, ನಡೆಯುವಾಗ ಏನೋ ಸಿಕ್ಕಿಕೊಂಡಂತಾದರೆ ಅಥವಾ ಸಮತಟ್ಟಾದ ನೆಲದಲ್ಲೂ ಪಾದ ಹೊರಳುತ್ತಿದ್ದರೆ, ಮೂಳೆ ಮತ್ತು ಕೀಲು ತಜ್ಞರನ್ನು ಕಾಣಬೇಕು. ತಾಲಸ್‌ನ ಮೃದ್ವಸ್ಥಿಗೆ ಆದ ಪೆಟ್ಟು, ಹೊರಗಿಣ್ಣಿನ ಹಿಂದೆ ಹಾಯುವ ಸ್ನಾಯುರಜ್ಜುಗಳು ಹರಿದಿರುವುದು ಮೊದಲ ಎಕ್ಸ್‌-ರೇಯಲ್ಲಿ ಕಾಣದೇ ಇರಬಹುದು; ಅವುಗಳಿಗೆ ಎಂಆರ್‌ಐ ಬೇಕಾಗುತ್ತದೆ. ಎಂದು ಪೆಟ್ಟಾಯಿತು, ಇದಕ್ಕೆ ಮೊದಲು ಎಷ್ಟು ಸಲ ಉಳುಕಿತ್ತು, ಈವರೆಗೆ ಯಾವ ವ್ಯಾಯಾಮ ಮಾಡಿದ್ದೀರಿ ಎಂಬುದನ್ನು ಬರೆದುಕೊಂಡು, ಹಳೆಯ ಎಕ್ಸ್‌-ರೇಯ ಜೊತೆಗೆ ಒಯ್ಯಿರಿ.