ಹಡಗಿನ ಕೊಳದಲ್ಲಿ ಒಂದು ಸಾವು: ಆ ಕೇಸು ನಾನು ನಡೆಸಿದ್ದು ಹೀಗೆ

ಆ ಮನೆಯವರು ಮೊದಲು ಕಳಿಸಿದ್ದು ಒಂದು ಫಾರಂನ ಫೋಟೋ. ಹಡಗಿನವರು ಅಪಘಾತ ಆದ ರಾತ್ರಿಯೇ ಮಗನ ಕೈಯಲ್ಲಿ ತುಂಬಿಸಿದ್ದು. ಹೆಸರು, ಕ್ಯಾಬಿನ್ ನಂಬರ್, ಸಮಯ, ಜಾಗ. ಕೆಳಗೆ ಒಂದು ಪ್ರಶ್ನೆ: ಈ ಅಪಘಾತ ಹೇಗೆ ತಪ್ಪಿಸಬಹುದಿತ್ತು? ಅದರ ಮುಂದೆ ಮಗ ಇಂಗ್ಲಿಷಿನಲ್ಲಿ, ಅಕ್ಷರ ಅಲುಗಾಡುವ ಹಾಗೆ, ‘ನಾನು ಅಪ್ಪನ ಜೊತೆಯಲ್ಲೇ ಇರಬೇಕಿತ್ತು’ ಅಂತ ಬರೆದಿದ್ದ. ಕೆಳಗೆ ಸಹಿ.

ಅಪ್ಪ ಹೋಗಿ ಮೂರು ಗಂಟೆ ಆಗಿರಲಿಲ್ಲ. ಆ ಹೊತ್ತಿನಲ್ಲಿ ಯಾವ ಮಗ ಆದರೂ ಅದನ್ನೇ ಬರೆಯುತ್ತಾನೆ. ಆದರೆ ಕಂಪನಿಯ ವಕೀಲರಿಗೆ ಅದು ಒಪ್ಪಿಗೆ ಪತ್ರ ಇದ್ದ ಹಾಗೆ. ಒಂದೂವರೆ ವರ್ಷ ಆ ಒಂದು ಸಾಲಿನ ಜೊತೆ ನಾನು ಗುದ್ದಾಡಿದ್ದೇನೆ.

ನಾನು ಫ್ಲಾರಿಡಾದಲ್ಲಿ ವಕೀಲಿ ಮಾಡುತ್ತೇನೆ. ಹಡಗಿನಲ್ಲಿ ಗಾಯಗೊಂಡವರ, ತೀರಿಕೊಂಡವರ ಮನೆಯವರ ಪರ. ಕನ್ನಡದವರ ಕೇಸು ಬರುವುದು ಕಡಿಮೆ, ಬಂದಾಗ ಮಾತ್ರ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ಇದು ಅಂಥದ್ದು. ಗುರುತು ಸಿಗಬಾರದು ಅಂತ ಒಂದೆರಡು ವಿವರ ಬದಲಿಸಿದ್ದೇನೆ.

ತೀರ್ಥಹಳ್ಳಿ ಕಡೆಯ ನಿವೃತ್ತ ಹೈಸ್ಕೂಲ್ ಮೇಷ್ಟ್ರು. ವಯಸ್ಸು 66. ಹೆಂಡತಿ ಜೊತೆ ಬೇಸಿಗೆಯಲ್ಲಿ ಮಗನ ಮನೆಗೆ ಬಂದಿದ್ದರು. ಮಗ ಪ್ರೀತಿಯಿಂದ ನಾಲ್ಕು ದಿನದ ಕ್ರೂಸ್ ಬುಕ್ ಮಾಡಿದ, ಮಯಾಮಿಯಿಂದ ಬಹಾಮಾಸಿಗೆ ಹೋಗಿ ವಾಪಸ್. ಹಡಗು ಹೊರಟು ಸ್ವಲ್ಪ ಹೊತ್ತಿಗೆ ಅಪ್ಪ ಮೇಲಿನ ಡೆಕ್ಕಿನ ಈಜುಕೊಳಕ್ಕೆ ಇಳಿದರು. ಮಗ ಮೊಮ್ಮಗಳಿಗೆ ಐಸ್‌ಕ್ರೀಮ್ ತರಲು ಹೋದ. ವಾಪಸ್ ಬಂದಾಗ ಜನ ಗುಂಪುಗೂಡಿದ್ದರು. ಹಡಗಿನ ಆಸ್ಪತ್ರೆಯಲ್ಲಿ ಮುಕ್ಕಾಲು ಗಂಟೆ ಪ್ರಯತ್ನಪಟ್ಟು ಕೈಚೆಲ್ಲಿದರು. ಹಡಗು ಹಿಂದಕ್ಕೆ ತಿರುಗಲಿಲ್ಲ. ದೇಹವನ್ನು ಶೀತಲ ಕೋಣೆಯಲ್ಲಿಟ್ಟುಕೊಂಡು ಪ್ರವಾಸ ಮುಗಿಸಿಯೇ ಮಯಾಮಿಗೆ ಬಂತು.

‘ನೀರು ಅಂದ್ರೆ ಇವ್ರಿಗೆ ಭಯ ಇರ್ಲಿಲ್ಲ ಕಣಮ್ಮ, ತುಂಗೆಯಲ್ಲಿ ಈಜಿ ಬೆಳೆದವ್ರು’ ಅಂತ ಅಮ್ಮ, ಅಂದರೆ ಮೇಷ್ಟ್ರ ಹೆಂಡತಿ, ಫೋನಿನಲ್ಲಿ ಹೇಳಿದರು. ಆ ಮಾತು ನಾನು ಬರೆದಿಟ್ಟುಕೊಂಡೆ. ಆಮೇಲೆ ಅದು ಕೆಲಸಕ್ಕೆ ಬಂತು.

ಅವರು ನನಗೆ ಫೋನ್ ಮಾಡುವ ಹೊತ್ತಿಗೆ ಮೂರು ತಿಂಗಳು ಕಳೆದಿತ್ತು. ಊರಿಗೆ ಹೋಗಿ ಕಾರ್ಯ ಎಲ್ಲ ಮುಗಿಸಿ ಬಂದಿದ್ದರು. ನಾನು ಮೊದಲು ಕೇಳಿದ್ದು ಟಿಕೆಟ್. ‘ಟಿಕೆಟ್ ಯಾಕೆ ಮೇಡಂ?’ ಅಂದ ಮಗ. ಬುಕ್ ಮಾಡುವಾಗ ಕಂಪ್ಯೂಟರಿನಲ್ಲಿ ‘ಒಪ್ಪಿದ್ದೇನೆ’ ಅಂತ ಒತ್ತುತ್ತೇವಲ್ಲ, ಆ ಉದ್ದನೆಯ ಕರಾರು ಇಂಥ ಕೇಸಿಗೆ ಬುನಾದಿ. ಸಮುದ್ರದಲ್ಲಿ ಆದ ಗಾಯಕ್ಕೆ ಅಮೆರಿಕದ ಕಾನೂನು ಸಾಮಾನ್ಯವಾಗಿ 3 ವರ್ಷ ಕೊಡುತ್ತದೆ. ಆದರೆ ಪ್ರಯಾಣಿಕರ ಹಡಗಿನ ಕಂಪನಿಗಳು ಕರಾರಿನಲ್ಲೇ ಅದನ್ನು ಇಳಿಸಬಹುದು: ಲಿಖಿತ ನೋಟಿಸ್ ಕೊಡಲು 6 ತಿಂಗಳು, ಕೋರ್ಟಿಗೆ ಹೋಗಲು 1 ವರ್ಷ. ಅದಕ್ಕಿಂತ ಕಡಿಮೆ ಮಾಡುವ ಹಾಗಿಲ್ಲ. ಹೆಚ್ಚಿನ ಕಂಪನಿಗಳು ಇಳಿಸಿಯೇ ಇರುತ್ತವೆ. ಮಕ್ಕಳ ಕೇಸಿಗೂ ಸಾವಿನ ಕೇಸಿಗೂ ಕಾನೂನಿನಲ್ಲಿ ಸ್ವಲ್ಪ ರಿಯಾಯಿತಿ ಇದೆ ನಿಜ. ನಾನು ಅದನ್ನು ನಂಬಿಕೊಂಡು ಕೂರುವುದಿಲ್ಲ. ವರ್ಷ ತುಂಬಿದ ಮೇಲೆ ಬಂದವರನ್ನು ಬರಿಗೈಯಲ್ಲಿ ಕಳಿಸಿದ ದಿನಗಳು ನನಗೆ ಇನ್ನೂ ನೆನಪಿವೆ.

ಯಾವ ಊರಿನ ಕೋರ್ಟು ಅನ್ನುವುದೂ ಅದೇ ಕರಾರಿನಲ್ಲಿದೆ. 1991ರಲ್ಲಿ ಕಾರ್ನಿವಲ್ ಹಡಗು ಕಂಪನಿ ವಿರುದ್ಧ ಶೂಟ್ ದಂಪತಿಯ ಕೇಸಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಇಂಥ ಷರತ್ತನ್ನು ಎತ್ತಿಹಿಡಿದಿದೆ. ದೇಶದ ಆ ತುದಿಯ ವಾಷಿಂಗ್ಟನ್ ರಾಜ್ಯದವರು ಈ ತುದಿಯ ಫ್ಲಾರಿಡಾಕ್ಕೆ ಬಂದೇ ದಾವೆ ಹೂಡಬೇಕಾಯಿತು. ದೊಡ್ಡ ಕಂಪನಿಗಳ ಪೈಕಿ ಹಲವು ಮಯಾಮಿಯ ಫೆಡರಲ್ ಕೋರ್ಟ್ ಬರೆದಿರುತ್ತವೆ, ಪ್ರಿನ್ಸೆಸ್ ಲಾಸ್ ಏಂಜಲೀಸ್, ಹಾಲೆಂಡ್ ಅಮೆರಿಕ ಸಿಯಾಟಲ್. ಹಾಗಾಗಿ ಮನೆ ಹತ್ತಿರ ಗೊತ್ತಿರುವ ವಕೀಲರು ಇದ್ದಾರೆ ಅಂತ ಅವರ ಹತ್ತಿರ ಓಡಿಹೋದರೆ ತಿಂಗಳುಗಳು ಸುಮ್ನೆ ಹಾಳು.

ಕೇಸು ಒಪ್ಪಿಕೊಂಡ ದಿನವೇ ಎರಡು ಪತ್ರ ಕಳಿಸಿದೆ. ಒಂದು ನೋಟಿಸ್. ಇನ್ನೊಂದು, ಸಾಕ್ಷ್ಯ ಅಳಿಸಬೇಡಿ ಅನ್ನುವ ಪತ್ರ. ಈ ಎರಡನೆಯದು ಅಪಘಾತ ಆದ ವಾರವೇ ಹೋಗಬೇಕು. ಸಿಸಿಟಿವಿ ದೃಶ್ಯ ತನ್ನಷ್ಟಕ್ಕೆ ಅಳಿಸಿಹೋಗುತ್ತದೆ, ಹಡಗಿನ ಸಿಬ್ಬಂದಿ ಕಾಂಟ್ರ್ಯಾಕ್ಟ್ ಮುಗಿಸಿ ಫಿಲಿಪ್ಪೀನ್ಸಿಗೋ ಇಂಡೊನೇಷ್ಯಾಕ್ಕೋ ಹೋಗಿಬಿಡುತ್ತಾರೆ, ಆಮೇಲೆ ಅವರನ್ನು ಹುಡುಕುವುದು ಅಂದರೆ ಹುಲ್ಲಿನ ಬಣವೆಯಲ್ಲಿ ಸೂಜಿ. ನಮ್ಮ ಪುಣ್ಯಕ್ಕೆ ಸಾವು ಆಗಿದ್ದರಿಂದ ಕಂಪನಿಯೇ ಆ ಕೊಳದ ವಿಡಿಯೋ ತೆಗೆದಿಟ್ಟಿತ್ತು. ಅದನ್ನು ನೋಡಲು ಸಿಕ್ಕಿದ್ದು ಮಾತ್ರ ದಾವೆ ಹೂಡಿ, ಮಗನ ಹೇಳಿಕೆ (ಪ್ರಮಾಣ ಮಾಡಿಸಿ ಎದುರು ಪಕ್ಷದ ವಕೀಲರು ಕೇಳುವ ಪ್ರಶ್ನೋತ್ತರ) ಮುಗಿದ ಮೇಲೆ.

ದಾವೆ ಹಾಕುವುದು ಯಾರು? ಹೆಂಡತಿ, ಮಗ, ಮಗಳು ಬೇರೆ ಬೇರೆಯಾಗಿ ಹಾಕುವ ಹಾಗಿಲ್ಲ. ತೀರಿಕೊಂಡವರ ಪರವಾಗಿ ಒಬ್ಬ ಪ್ರತಿನಿಧಿಯನ್ನು ಪ್ರೊಬೇಟ್ ಕೋರ್ಟ್, ಅಂದರೆ ಸತ್ತವರ ಆಸ್ತಿ ವಿಷಯ ನೋಡುವ ಕೋರ್ಟು, ನೇಮಿಸಬೇಕು. ಫ್ಲಾರಿಡಾದಲ್ಲಿ ಹೊರಗಿನವರು ಪ್ರತಿನಿಧಿ ಆಗಬೇಕಾದರೆ ಹತ್ತಿರದ ಸಂಬಂಧಿ ಆಗಿರಬೇಕು, ಮಗನಿಗೆ ಅಡ್ಡಿ ಇರಲಿಲ್ಲ. ಇದಕ್ಕೇ ಏಳು ವಾರ ಹೋಯಿತು.

ಇನ್ನು ಈ ಕೇಸಿನ ಜೀವಾಳ. ಹಡಗು ಆಗ ಎಲ್ಲಿತ್ತು?

ಇದೆಂಥ ಪ್ರಶ್ನೆ ಅನ್ನಿಸಬಹುದು. ಆದರೆ ಅಮೆರಿಕದ ದಡದಿಂದ 3 ನಾಟಿಕಲ್ ಮೈಲಿ, ಅಂದರೆ ಸುಮಾರು ಐದೂವರೆ ಕಿಲೋಮೀಟರ್, ಅದರ ಒಳಗೆ ಆದ ಸಾವಿಗೆ ಒಂದು ಕಾನೂನು, ಹೊರಗೆ ಆದ ಸಾವಿಗೆ ಇನ್ನೊಂದು. ಒಳಗೆ ಆದರೆ ರಾಜ್ಯದ ಕಾನೂನು ಬರುತ್ತದೆ. ಫ್ಲಾರಿಡಾದಲ್ಲಿ ಗಂಡನನ್ನು ಕಳೆದುಕೊಂಡ ಹೆಂಡತಿಯ ದುಃಖಕ್ಕೂ ಪರಿಹಾರ ಕೇಳಬಹುದು. ಹೊರಗೆ ಆದರೆ 1920ರ ಡೆತ್ ಆನ್ ದಿ ಹೈ ಸೀಸ್ ಆಕ್ಟ್. ನಮ್ಮ ಕಡೆ ಡೋಹ್ಸಾ ಅನ್ನುತ್ತೇವೆ. ಅದರಲ್ಲಿ ಹಣದ ನಷ್ಟಕ್ಕೆ ಮಾತ್ರ ಪರಿಹಾರ. ದುಡಿದು ತರುತ್ತಿದ್ದದ್ದು ಎಷ್ಟು, ಮಾಡುತ್ತಿದ್ದ ಕೆಲಸದ ಬೆಲೆ ಎಷ್ಟು, ಅಂತ್ಯಕ್ರಿಯೆಗೆ ಎಷ್ಟಾಯಿತು, ಇಷ್ಟೇ. ನಲವತ್ತು ವರ್ಷದ ಸಂಸಾರಕ್ಕೆ ಅದರಲ್ಲಿ ಒಂದು ಕಾಲಂ ಇಲ್ಲ. ಸತ್ತವರು ಸಾಯುವ ಮುಂಚೆ ಪಟ್ಟ ನೋವಿಗೂ ಇಲ್ಲ, 1998ರಲ್ಲಿ ಸುಪ್ರೀಂ ಕೋರ್ಟ್ ಅದನ್ನೂ ಸ್ಪಷ್ಟ ಮಾಡಿತು. ಪುಟ್ಟ ಮಗು ಮುಳುಗಿ ಸತ್ತರೆ ತಂದೆತಾಯಿಗೆ ಅಂತ್ಯಕ್ರಿಯೆ ಖರ್ಚಿಗಿಂತ ಹೆಚ್ಚು ಸಿಗುವುದೇ ಕಷ್ಟ. ವಿಮಾನ ಅಪಘಾತಕ್ಕೆ 2000ದಲ್ಲಿ ಈ ಕಾಯ್ದೆ ತಿದ್ದಿದರು, ಮನೆಯವರ ದುಃಖಕ್ಕೂ ಜಾಗ ಕೊಟ್ಟರು. ಹಡಗಿಗೆ ಕೊಡಲಿಲ್ಲ. ಇದು ಅನ್ಯಾಯ. ಎಷ್ಟು ವರ್ಷ ವಕೀಲಿ ಮಾಡಿದರೂ ಇದು ನನಗೆ ಅಭ್ಯಾಸ ಆಗಿಲ್ಲ.

ಮಗನ ಫೋನಿನಲ್ಲಿ ಒಂದು ಫೋಟೋ ಇತ್ತು. ಸಂಜೆ 5 ಗಂಟೆ 38 ನಿಮಿಷ. ಅಪ್ಪ ಕೊಳದ ಅಂಚು ಹಿಡಿದು ನಗುತ್ತಿದ್ದಾರೆ, ಹಣೆಗೆ ಕೂದಲು ಅಂಟಿಕೊಂಡಿದೆ, ಹಿಂದೆ ಮಯಾಮಿಯ ಎತ್ತರದ ಕಟ್ಟಡಗಳು ಸಾಲಾಗಿ ಕಾಣುತ್ತಿವೆ. ದಡ ಇಷ್ಟು ಹತ್ತಿರ ಇದೆ, 3 ಮೈಲಿ ಒಳಗೇ ಇರಬೇಕು ಅಂತ ಎಲ್ಲರಿಗೂ ಆಸೆ ಹುಟ್ಟಿತು. ನನಗೂ. ಹಡಗುಗಳು ತಮ್ಮ ಜಾಗವನ್ನು ರೇಡಿಯೋದಲ್ಲಿ ಸಾರುತ್ತಾ ಹೋಗುತ್ತವೆ, ಎಐಎಸ್ ಅಂತ, ಅದರ ದಾಖಲೆ ಹಣ ಕೊಟ್ಟರೆ ಸಿಗುತ್ತದೆ. ತರಿಸಿದೆ. ನಿಮಿಷ ನಿಮಿಷದ ಜಾಗ ನಕ್ಷೆಯ ಮೇಲೆ ಗುರುತು ಹಾಕುತ್ತಾ ಹೋದೆ. ವಿಡಿಯೋದಲ್ಲಿ ಅಪ್ಪ ಕೈ ಆಡಿಸಿದ್ದು 5:44ಕ್ಕೆ. ಆಗ ಹಡಗು ಹೆಚ್ಚುಕಡಿಮೆ 4 ಮೈಲಿ ದಾಟಿತ್ತು.

ಅದನ್ನು ಅಮ್ಮನಿಗೆ ಹೇಳುವುದು ನನ್ನ ಪಾಲಿಗೆ ಬಂತು. ಒಂದು ಮೈಲಿಯ ಅಂತರದಲ್ಲಿ ಅವರ ದುಃಖ ಲೆಕ್ಕಕ್ಕಿಲ್ಲದೇ ಹೋಯಿತು ಅಂತ ಯಾವ ಮಾತಿನಲ್ಲಿ ಹೇಳುವುದು? ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ‘ತೋಟದ್ದೂ ಲೆಕ್ಕಕ್ಕೆ ಬರಲ್ವಾ?’ ಅಂದರು.

ಆ ಪ್ರಶ್ನೆಯೇ ಕೇಸನ್ನು ಉಳಿಸಿದ್ದು. ನಾನು ಅಲ್ಲಿವರೆಗೆ ಅವರ ಪಿಂಚಣಿ ಮಾತ್ರ ಹಿಡಿದುಕೊಂಡಿದ್ದೆ. ಪೂರ್ತಿ ಪಿಂಚಣಿ ನಿಂತು ಕುಟುಂಬ ಪಿಂಚಣಿ ಶುರುವಾಗಿತ್ತು, ಆ ಎರಡರ ವ್ಯತ್ಯಾಸ ದೊಡ್ಡದೇನಲ್ಲ. ಆದರೆ ಮೇಷ್ಟ್ರಿಗೆ ಮೂರು ಎಕರೆ ಅಡಿಕೆ ತೋಟ ಇತ್ತು. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸುವುದರಿಂದ ಹಿಡಿದು ಕೊನೆ (ಅಡಿಕೆ ಗೊನೆ) ತೆಗೆಸಿ, ಸುಲಿಸಿ, ಬೇಯಿಸಿ, ಒಣಗಿಸಿ ಮಂಡಿಗೆ ಹಾಕುವವರೆಗೆ ಎಲ್ಲ ಅವರೇ ನಿಂತು ಮಾಡಿಸುತ್ತಿದ್ದರು. ಅವರು ಹೋದ ವರ್ಷ ಅಮ್ಮ ತೋಟವನ್ನು ಚೇಣಿಗೆ, ಅಂದರೆ ಫಸಲಿನ ಗುತ್ತಿಗೆಗೆ, ಕೊಟ್ಟಿದ್ದರು. ಕೈಗೆ ಬರುವ ಹಣ ಅರ್ಧಕ್ಕಿಂತ ಕೆಳಗೆ ಇಳಿದಿತ್ತು.

ಊರಿಂದ ಒಂದು ಪಾರ್ಸೆಲ್ ಬಂತು. ಕೆಂಪು ರಟ್ಟಿನ ಲೆಕ್ಕದ ಪುಸ್ತಕ, ಹದಿನೊಂದು ವರ್ಷದ್ದು. ಮೇಷ್ಟ್ರ ಗುಂಡು ಅಕ್ಷರ. ಎಡಗಡೆ ಆಳಿನ ಕೂಲಿ, ಸುಣ್ಣ, ಮೈಲುತುತ್ತ. ಬಲಗಡೆ ಅಡಿಕೆಯ ದರ್ಜೆಗಳು, ರಾಶಿ ಎಷ್ಟು ಕ್ವಿಂಟಾಲ್, ಬೆಟ್ಟೆ ಎಷ್ಟು, ಯಾವ ದಿನ ಎಷ್ಟಕ್ಕೆ ಹೋಯಿತು. ಪ್ರತಿ ಪುಟಕ್ಕೆ ಮಂಡಿಯ ಚೀಟಿ ಪಿನ್ನು ಹೊಡೆದಿತ್ತು. ಅದನ್ನು ಅನುವಾದ ಮಾಡಿಸಿ, ಪ್ರಮಾಣೀಕರಿಸಿ, ಅರ್ಥಶಾಸ್ತ್ರ ತಜ್ಞರ ಕೈಗೆ ಕೊಟ್ಟೆ. ಚೇಣಿ ಅಂದರೆ ಏನು ಅಂತ ಅವರಿಗೆ ತಿಳಿಸಲು ಒಂದು ಮಧ್ಯಾಹ್ನ ಬೇಕಾಯಿತು. ಆಮೇಲೆ ಅವರು ಕೊಟ್ಟ ವರದಿ ನೋಡಿ ಕಂಪನಿ ಕಡೆಯವರು ಮೊದಲ ಸಲ ಗಂಭೀರವಾಗಿ ಮಾತಿಗೆ ಬಂದರು.

ನಷ್ಟ ತೋರಿಸಿದರೆ ಸಾಲದು, ಕಂಪನಿಯ ತಪ್ಪನ್ನೂ ತೋರಿಸಬೇಕು ಅಲ್ವಾ. ಹಡಗಿನ ಮೇಲೆ ಸತ್ತರು ಅಂದಮಾತ್ರಕ್ಕೆ ಕಂಪನಿ ಹೊಣೆ ಆಗುವುದಿಲ್ಲ. ಅಪಾಯ ಇದೆ ಅಂತ ಅವರಿಗೆ ಗೊತ್ತಿತ್ತು, ಅಥವಾ ಗೊತ್ತಿರಬೇಕಿತ್ತು, ಆದರೂ ತಕ್ಕ ಎಚ್ಚರ ವಹಿಸಲಿಲ್ಲ ಅಂತ ಸಾಬೀತು ಮಾಡಬೇಕು. ಆ ಕೊಳಕ್ಕೆ ಜೀವರಕ್ಷಕ ಇರಲಿಲ್ಲ. ‘ಜೀವರಕ್ಷಕರಿಲ್ಲ, ನಿಮ್ಮ ಹೊಣೆಯಲ್ಲಿ ಇಳಿಯಿರಿ’ ಅನ್ನುವ ಬೋರ್ಡು ಇತ್ತು. ಹಡಗಿನ ಸುರಕ್ಷೆಗೆ ಅಂತಲೇ 2010ರಲ್ಲಿ ಅಮೆರಿಕದಲ್ಲಿ ಒಂದು ಕಾಯ್ದೆ ಬಂತು. ಡೆಕ್ಕಿನ ಅಂಚಿನ ಕಟಕಟೆ 42 ಇಂಚು ಎತ್ತರ ಇರಬೇಕು ಅಂತ ಅದರಲ್ಲಿದೆ, ಈಜುಕೊಳದ ಜೀವರಕ್ಷಕರ ಮಾತಿಲ್ಲ. ಬೋರ್ಡು ತೋರಿಸಿ ಕಂಪನಿ ಕೈತೊಳೆದುಕೊಳ್ಳಲು ನೋಡಿತು. ಆದರೆ ರಾಯಲ್ ಕೆರಿಬಿಯನ್ 2017ರಲ್ಲೇ ತನ್ನ ಹಡಗುಗಳ ಕೊಳಗಳಿಗೆ ಜೀವರಕ್ಷಕರನ್ನು ಹಾಕಿದೆ. ಡಿಸ್ನಿ ಹಡಗುಗಳಲ್ಲೂ ಇದ್ದಾರೆ. ಮಾಡಬಹುದಾದ ಕೆಲಸ ಅಂತ ತೋರಿಸಲು ಅಷ್ಟು ಸಾಕಿತ್ತು.

ಎರಡನೆಯ ದಾರಿ ಚಿಕಿತ್ಸೆ. ಹಿಂದೆ ಹಡಗಿನ ಡಾಕ್ಟರ ತಪ್ಪಿಗೆ ಕಂಪನಿ ಹೊಣೆಯಲ್ಲ ಅಂತ ಕೋರ್ಟುಗಳು ಹೇಳುತ್ತಿದ್ದವು. 2014ರ ಫ್ರಾನ್ಜಾ ತೀರ್ಪಿನಲ್ಲಿ ಫ್ಲಾರಿಡಾ ಭಾಗದ ಅಪೀಲು ಕೋರ್ಟ್ ಅದನ್ನು ಮುರಿಯಿತು. ಮೊದಲ ದಾರಿಗೆ, ಅಂದರೆ ಎಚ್ಚರ ವಹಿಸಲಿಲ್ಲ ಅಂತ ತೋರಿಸಲು, ನಾನು ವಿಡಿಯೋವನ್ನು ಸ್ಟಾಪ್‌ವಾಚ್ ಹಿಡಿದು ಎಷ್ಟೋ ಸಲ ನೋಡಿದೆ. ಕೈ ಆಡಿಸಿದ್ದರಿಂದ ಪಕ್ಕದ ಪ್ರಯಾಣಿಕರೊಬ್ಬರು ಎಳೆದು ತೆಗೆಯುವವರೆಗೆ ಸುಮಾರು ನಾಲ್ಕು ನಿಮಿಷ. ಅಷ್ಟು ಹೊತ್ತೂ ಹತ್ತು ಹೆಜ್ಜೆ ದೂರದಲ್ಲಿ ಇಬ್ಬರು ಸಿಬ್ಬಂದಿ ಟವೆಲ್ ಮಡಚುತ್ತಿದ್ದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ನೀರಿನ ಕಡೆ ನೋಡುವುದು ಅವರ ಕೆಲಸ ಅಂತ ಯಾರೂ ಅವರಿಗೆ ಹೇಳಿರಲಿಲ್ಲ, ಹೇಳಿಕೆಯಲ್ಲಿ ಅದು ಹೊರಗೆ ಬಂತು.

ಕಂಪನಿಯ ತಜ್ಞರು ಇದು ಹೃದಯಾಘಾತ, ಮುಳುಗಿದ್ದಲ್ಲ ಅಂದರು. ಮಯಾಮಿಯಲ್ಲಿ ಮರಣೋತ್ತರ ಪರೀಕ್ಷೆ ಆಗಿದ್ದು ಆಗ ಕೈಹಿಡಿಯಿತು. ಎಷ್ಟೋ ಮನೆಯವರು, ನಮ್ಮ ಸಂಪ್ರದಾಯದಲ್ಲಿ ದೇಹ ಕುಯ್ಯಿಸುವುದು ಬೇಡ ಅಂತ ಬೇಡಿಕೊಳ್ಳುತ್ತಾರೆ. ನನಗೆ ಅರ್ಥ ಆಗುತ್ತದೆ. ಆದರೆ ಆ ವರದಿ ಇಲ್ಲದೆ ಕೋರ್ಟಿನಲ್ಲೂ ಕಷ್ಟ, ವಿಮೆಯಲ್ಲೂ ಕಷ್ಟ. ವಿಮೆ ಬೇರೆಯದೇ ದಾರಿ, ಅದಕ್ಕೆ ಯಾರ ತಪ್ಪು ಅಂತ ತೋರಿಸಬೇಕಿಲ್ಲ. ದೇಹ ಊರಿಗೆ ಸಾಗಿಸಿದ ಖರ್ಚು ಇವರ ಪ್ರವಾಸ ವಿಮೆಯಿಂದ ಬಂತು. ಎಂಬಾಮಿಂಗ್ ಪತ್ರ ತೋರಿಸಿ ಪಾಸ್‌ಪೋರ್ಟ್ ರದ್ದತಿ, ಭಾರತಕ್ಕೆ ಒಯ್ಯಲು ಒಪ್ಪಿಗೆ, ಇವೆಲ್ಲ ಅಟ್ಲಾಂಟಾದ ಭಾರತೀಯ ಕಾನ್ಸುಲೇಟಿನಲ್ಲಿ ಆಗಬೇಕು, ಫ್ಲಾರಿಡಾ ಅವರ ವ್ಯಾಪ್ತಿ.

ಮಗನ ಹೇಳಿಕೆಯ ದಿನ ಆ ಫಾರಂ ಮೇಜಿನ ಮೇಲೆ ಬಂತು. ‘ಇದು ನಿಮ್ಮ ಸಹಿ ಅಲ್ಲವೇ?’ ಕಂಪನಿಯ ವಕೀಲರು ಕೇಳಿದರು. ಹೌದು ಅಂದ. ‘ನೀವು ಜೊತೆಯಲ್ಲಿ ಇರಬೇಕಿತ್ತು, ಅಲ್ಲವೇ?’ ಅವನು ನನ್ನ ಕಡೆ ನೋಡಿದ. ಹಿಂದಿನ ದಿನ ನಾನು ಅವನಿಗೆ ಹೇಳಿದ್ದು ಒಂದೇ, ನಿಜ ಹೇಳಿ, ಚಿಕ್ಕದಾಗಿ ಹೇಳಿ. ‘ನನಗೆ ಹಾಗೆ ಅನಿಸುತ್ತದೆ. ಬದುಕಿರುವಷ್ಟು ದಿನ ಅನಿಸುತ್ತದೆ’ ಅಂದ. ಆ ವಕೀಲರು ಮುಂದಿನ ಪ್ರಶ್ನೆಗೆ ಹೋಗಿಬಿಟ್ಟರು. ಡೋಹ್ಸಾದಲ್ಲಿ ಸತ್ತವರ ಅಜಾಗರೂಕತೆ ಇದ್ದರೂ ಕೇಸು ಬಿದ್ದುಹೋಗುವುದಿಲ್ಲ, ಅಷ್ಟರಮಟ್ಟಿಗೆ ಪರಿಹಾರ ಕಡಿಮೆ ಆಗುತ್ತದೆ. ಜ್ಞಾನ ಇದ್ದ, ತುಂಗೆಯಲ್ಲಿ ಈಜಿ ಬೆಳೆದ ಹಿರಿಯರಿಗೆ ಮಗ ಕಾವಲು ಕೂರಬೇಕಿತ್ತು ಅನ್ನುವ ವಾದ ಕೊನೆಗೂ ನಿಲ್ಲಲಿಲ್ಲ. ಅದಕ್ಕೇ ಹೇಳುತ್ತೇನೆ, ಹಡಗಿನಲ್ಲಿ ಅಂಥ ಫಾರಂ ಕೊಟ್ಟರೆ ಆ ರಾತ್ರಿ ತುಂಬಬೇಡಿ. ಏನಾಯಿತು ಅಂತ ಬಾಯಲ್ಲಿ ಹೇಳಿ. ನೋಡಿದವರ ಹೆಸರು, ಫೋನ್ ನಂಬರ್ ಬರೆದುಕೊಳ್ಳಿ, ಕೊಳದ, ಬೋರ್ಡಿನ ಫೋಟೋ ತೆಗೆಯಿರಿ.

ವಿಚಾರಣೆಗೆ ಮುಂಚೆ ಮಧ್ಯಸ್ಥಿಕೆಯಲ್ಲಿ ರಾಜಿ ಆಯಿತು. ಮೊತ್ತ ಗುಟ್ಟಾಗಿರಬೇಕು ಅನ್ನುವುದು ಕರಾರು. ಅಮ್ಮ ಇನ್ನೊಬ್ಬರ ಕೈ ನೋಡದೆ ಬದುಕಬಹುದು, ಅಷ್ಟು ಹೇಳಬಲ್ಲೆ. ಫೀಸಿನ ಬಗ್ಗೆ ಎಲ್ಲರೂ ಹೆದರುತ್ತಾರೆ. ಫ್ಲಾರಿಡಾದಲ್ಲಿ ಇಂಥ ಕೇಸಿಗೆ ಮುಂಗಡ ಇರುವುದಿಲ್ಲ, ಬಂದ ಹಣದಲ್ಲಿ ಪಾಲು: ಸಾಮಾನ್ಯವಾಗಿ ಕಂಪನಿ ಉತ್ತರ ಸಲ್ಲಿಸುವ ಮುಂಚೆ ಮುಗಿದರೆ ಮೂರರಲ್ಲಿ ಒಂದು, ಆಮೇಲೆ ಶೇಕಡಾ 40ರವರೆಗೆ.

ಯುರೋಪಿನಲ್ಲಿ ಹಡಗು ಹತ್ತಿದವರಿಗೆ ಬೇರೆ ದಾರಿ, ಹಡಗಿನ ಪ್ರಯಾಣಿಕರ ಬಗ್ಗೆ ದೇಶಗಳು ಮಾಡಿಕೊಂಡ ಅಥೆನ್ಸ್ ಒಪ್ಪಂದ, ಅಲ್ಲಿ 2 ವರ್ಷ ಸಮಯ ಇದೆ. ಮುಂಬೈಯಿಂದ ಹತ್ತಿದವರು ನಮ್ಮ ಊರಿನ ಗ್ರಾಹಕ ಆಯೋಗದಲ್ಲೇ 2 ವರ್ಷದೊಳಗೆ ದೂರು ಕೊಡಬಹುದು, 2019ರ ಕಾಯ್ದೆ ದೂರುದಾರರು ವಾಸಿಸುವ ಜಾಗದಲ್ಲಿ ಅವಕಾಶ ಕೊಟ್ಟಿದೆ. 2017ರ ಅಡ್ಮಿರಾಲ್ಟಿ (ಹಡಗು ವ್ಯಾಜ್ಯಗಳ) ಕಾಯ್ದೆಯಲ್ಲಿ ಕರ್ನಾಟಕ ಹೈಕೋರ್ಟಿಗೂ ಅಧಿಕಾರ ಇದೆ, ಹಡಗು ನವ ಮಂಗಳೂರಿಗೆ ಬಂದು ನಿಂತಾಗ ತಡೆಹಿಡಿಯುವಷ್ಟು.

ಫೈಲು ಮುಚ್ಚಿದ ವಾರ ಲೆಕ್ಕದ ಪುಸ್ತಕ ಊರಿಗೆ ವಾಪಸ್ ಕಳಿಸಿದೆ. ಮೂಲ ಪ್ರತಿಯೇ ಬೇಕು ಅಂತ ಅಮ್ಮ ಎರಡು ಸಲ ಫೋನ್ ಮಾಡಿದ್ದರು. ಚೇಣಿ ಈ ವರ್ಷಕ್ಕೆ ಮುಗಿಯಿತು, ಮುಂದಿನ ಮಳೆಗಾಲಕ್ಕೆ ತಾವೇ ನೋಡಿಕೊಳ್ಳುತ್ತಾರಂತೆ, ಬೋರ್ಡೋ ಹೊಡೆಯುವವರ ನಂಬರುಗಳೆಲ್ಲ ಅದರ ಕೊನೇ ಹಾಳೆಯಲ್ಲಿವೆ.