ಅಮೆರಿಕದಲ್ಲಿ ಫ್ಲ್ಯಾಟ್‌ಬೆಡ್ ಟ್ರಕ್: ಮೊದಲ ವರ್ಷದ ದುಡಿಮೆ ಲೆಕ್ಕ ಹಾಕುವುದು ಹೇಗೆ

ಫ್ಲ್ಯಾಟ್‌ಬೆಡ್ ಎಂದರೆ ಗೋಡೆ, ಚಾವಣಿ ಇಲ್ಲದ ಸಮತಟ್ಟು ಟ್ರೇಲರ್. ಅದನ್ನು ಓಡಿಸುವ ಕಂಪನಿಗಳ ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಇರುವುದು ಮೈಲಿಗೆ ಎಷ್ಟು ಸೆಂಟ್ ಎಂಬ ದರ. ಕೈಗೆ ಬರುವ ಹಣ ನಿಂತಿರುವುದು ಬೇರೆ ಎರಡರ ಮೇಲೆ. ವಾರಕ್ಕೆ ಎಷ್ಟು ಮೈಲಿಗೆ ದುಡ್ಡು ಎಣಿಸುತ್ತಾರೆ? ಸ್ಟೀರಿಂಗ್ ಬಿಟ್ಟು ಕೆಳಗಿಳಿದು ಮಾಡುವ ಕೆಲಸಕ್ಕೆ ಏನು ಕೊಡುತ್ತಾರೆ? ಮುಚ್ಚಿದ ಟ್ರೇಲರ್ ಓಡಿಸುವವರಿಗೆ ಎರಡನೆಯ ಪ್ರಶ್ನೆ ಅಷ್ಟು ದೊಡ್ಡದಲ್ಲ. ಫ್ಲ್ಯಾಟ್‌ಬೆಡ್‌ನಲ್ಲಿ ಲಾಭ ನಷ್ಟ ಎರಡೂ ಅಲ್ಲೇ.

ಅಳತೆಗೋಲಿಗೆ ಒಂದು ಅಂಕಿ ಇಟ್ಟುಕೊಳ್ಳಿ. ಅಮೆರಿಕ ಸರ್ಕಾರದ ಕಾರ್ಮಿಕ ಅಂಕಿಅಂಶಗಳ ಪ್ರಕಾರ ಮೇ 2024ರಲ್ಲಿ ಟ್ರ್ಯಾಕ್ಟರ್ ಟ್ರೇಲರ್ (ಟ್ರೇಲರ್ ಎಳೆಯುವ ದೊಡ್ಡ ಲಾರಿ) ಚಾಲಕರ ನಡುಮಟ್ಟದ ವಾರ್ಷಿಕ ಸಂಬಳ 57,440 ಡಾಲರ್. ಅರ್ಧ ಜನ ಇದಕ್ಕಿಂತ ಮೇಲೆ, ಅರ್ಧ ಜನ ಕೆಳಗೆ. ಇದರಲ್ಲಿ ಎಲ್ಲ ಬಗೆಯ ಟ್ರೇಲರ್‌ಗಳೂ, ಹತ್ತಿಪ್ಪತ್ತು ವರ್ಷ ಅನುಭವ ಇರುವವರೂ ಸೇರಿದ್ದಾರೆ. ಹೊಸಬರಿಗೆ ಇದರ ಇಕ್ಕೆಲದಲ್ಲಿ ಎಲ್ಲೋ ಒಂದು ಕಡೆ ಎಂದುಕೊಂಡರೆ ನಿರಾಸೆಯಾಗದು. ಮೊದಲ ವರ್ಷವೇ ಲಕ್ಷ ಡಾಲರ್ ಎನ್ನುವ ಮಾತು ಕೇಳಿದರೆ, ಅದು ಡೀಸೆಲ್, ಟ್ರಕ್ಕಿನ ಕಂತು ಕಳೆಯುವ ಮುಂಚಿನ ಅಂಕಿಯೇ ಎಂದು ಕೇಳಿ ನೋಡಿ.

ವಾರದ ಲೆಕ್ಕ

ಫೆಡರಲ್ ನಿಯಮದ ಪ್ರಕಾರ ಡ್ಯೂಟಿ ಶುರುವಾದ ಮೇಲೆ 14 ಗಂಟೆಯ ಒಳಗೆ ಗರಿಷ್ಠ 11 ಗಂಟೆ ಓಡಿಸಬಹುದು. ದಿನವೂ ಓಡುವ ಕಂಪನಿಗಳಲ್ಲಿ ಎಂಟು ದಿನಕ್ಕೆ ಒಟ್ಟು 70 ಗಂಟೆ ಡ್ಯೂಟಿ ಮುಗಿದರೆ ಮತ್ತೆ ಓಡಿಸುವಂತಿಲ್ಲ. ಸತತ 34 ಗಂಟೆ ವಿಶ್ರಾಂತಿ ತೆಗೆದುಕೊಂಡರೆ ಲೆಕ್ಕ ಹೊಸದಾಗಿ ಶುರು. ಲೋಡು ಕಟ್ಟುವುದು, ಟಾರ್ಪಾಲು ಹೊದಿಸುವುದು ಕೂಡ ಡ್ಯೂಟಿಯೇ, ಗಡಿಯಾರ ನಿಲ್ಲುವುದಿಲ್ಲ.

ವಾರಕ್ಕೆ ನಾಲ್ಕು ಲೋಡು ಅನ್ನಿ. ತುಂಬಿಸಿ, ಕಟ್ಟಿ, ಹೊದಿಸಲು ಮೂರು ಗಂಟೆ, ಬಿಚ್ಚಿ ಇಳಿಸಲು ಎರಡು ಗಂಟೆ. ಅಲ್ಲಿಗೆ 20 ಗಂಟೆ ಹೋಯಿತು. ಉಳಿದ 50 ಗಂಟೆಗೆ ಗಂಟೆಗೆ 50 ಮೈಲಿಯಂತೆ 2,500 ಮೈಲಿ ಎನ್ನುವುದು ಕಾಗದದ ಮೇಲಿನ ಲೆಕ್ಕ. ಟ್ರಕ್ ತಪಾಸಣೆ, ಡೀಸೆಲ್, ಟ್ರಾಫಿಕ್, ಮುಂದಿನ ಲೋಡಿಗೆ ಕಾಯುವುದು ಎಲ್ಲ ಕಳೆದು 2,000 ಮೈಲಿ ಹಿಡಿಯುವುದು ಕ್ಷೇಮ.

ಮೈಲಿಗೆ 55 ಸೆಂಟ್ ಆದರೆ 2,000 ಮೈಲಿಗೆ 1,100 ಡಾಲರ್. ಎರಡು ಲೋಡಿಗೆ ಟಾರ್ಪಾಲು ಹೊದಿಸಿ, ತಲಾ 50 ಡಾಲರ್ ಸಿಕ್ಕರೆ 1,200. ವರ್ಷಕ್ಕೆ 48 ವಾರ ದುಡಿದರೆ ತೆರಿಗೆಗೆ ಮುಂಚೆ 57,600. ಅದೇ 60 ಸೆಂಟ್ ಕೊಟ್ಟೂ ವಾರಕ್ಕೆ 1,700 ಮೈಲಿ ಮಾತ್ರ ಓಡಿಸುವ ಕಂಪನಿಯಲ್ಲಿ ಮೈಲಿಯ ಹಣ 1,020 ಡಾಲರ್. ಆದ್ದರಿಂದ ದರ ಕೇಳುವ ಮೊದಲು ಕೇಳಬೇಕಾದ್ದು, ಕಳೆದ ಮೂರು ತಿಂಗಳಲ್ಲಿ ಹೊಸಬರು ವಾರಕ್ಕೆ ಸರಾಸರಿ ಎಷ್ಟು ಮೈಲಿ ಓಡಿದ್ದಾರೆ ಎಂಬುದನ್ನು.

ಮೈಲಿ ಅಳೆಯುವ ಬಗೆಯಲ್ಲೂ ಮೋಸ ಹೋಗಬಹುದು. ಕೆಲವರು ಟ್ರಕ್ ನಿಜವಾಗಿ ಹೋಗುವ ದಾರಿಯ ಮೈಲಿ ಕೊಡುತ್ತಾರೆ, ಕೆಲವರು ಊರಿಂದೂರಿಗೆ ಅತಿ ಹತ್ತಿರದ ದಾರಿ ಹಿಡಿದು ಎಣಿಸುತ್ತಾರೆ. ಓಡೋಮೀಟರ್ 2,150 ತೋರಿಸುವಾಗ 2,000ಕ್ಕೆ ಹಣ ಬಂದರೆ ನಿಮ್ಮ 55 ಸೆಂಟ್ 51ಕ್ಕೆ ಇಳಿಯಿತು. ಖಾಲಿ ಮೈಲಿಗೂ ಅದೇ ದರವೇ, ಅದನ್ನೂ ಕೇಳಿ.

ಕೆಲವು ಕಂಪನಿಗಳು ಲೋಡಿನ ಬಾಡಿಗೆಯಲ್ಲಿ ಪಾಲು ಕೊಡುತ್ತವೆ. 2,000 ಡಾಲರಿನ ಲೋಡಿಗೆ ಶೇ. 26 ಎಂದರೆ 520. 800 ಮೈಲಿಯ ಲೋಡಾದರೆ ಮೈಲಿಗೆ 65 ಸೆಂಟ್ ಬಿತ್ತು, ಚೆನ್ನಾಗಿದೆ. ಅದನ್ನು ತರಲು 200 ಮೈಲಿ ಖಾಲಿ ಹೋಗಿದ್ದರೆ 52. ಬಾಡಿಗೆಯ ಮೂಲ ಕಾಗದ ತೋರಿಸದ ಕಡೆ ಪಾಲಿನ ಲೆಕ್ಕಕ್ಕೆ ಒಪ್ಪಬೇಡಿ. ಮರ, ಕಬ್ಬಿಣ, ಕಟ್ಟಡ ಸಾಮಗ್ರಿ ಓಡಾಡುವುದು ವಸಂತದಿಂದ ಶರತ್ಕಾಲದವರೆಗೆ ಹೆಚ್ಚು. ಚಳಿಗಾಲದಲ್ಲಿ ಬಾಡಿಗೆ ಇಳಿದರೆ ಪಾಲೂ ಇಳಿಯುತ್ತದೆ.

ಕೆಳಗಿಳಿದು ಮಾಡುವ ಕೆಲಸ

ಟಾರ್ಪಾಲು ಒಂದೊಂದೇ ನೂರು ಪೌಂಡ್ ದಾಟುವುದುಂಟು. ಗಾಳಿಯಲ್ಲಿ ನೆಲದಿಂದ 13 ಅಡಿ ಎತ್ತರದ ಮರದ ಲೋಡಿಗೆ ಅದನ್ನು ಹೊದಿಸಲು ಎರಡು ಗಂಟೆ ಹಿಡಿದರೆ 50 ಡಾಲರ್ ಎಂದರೆ ಗಂಟೆಗೆ 25. ಏನೂ ಕೊಡದ, ‘ದರದಲ್ಲೇ ಸೇರಿದೆ’ ಎನ್ನುವ ಕಂಪನಿಯೂ ಇರುತ್ತದೆ. ಟಾರ್ಪಾಲಿನ ಹಣ, ಎರಡನೇ ಕಡೆ ನಿಲ್ಲಿಸಿ ತುಂಬಿಸಿದ್ದಕ್ಕೆ ಅಥವಾ ಇಳಿಸಿದ್ದಕ್ಕೆ ಹಣ, ಕಾಯಿಸಿದ್ದಕ್ಕೆ ಹಣ ಇವು ಎಷ್ಟೆಷ್ಟು ಎಂದು ಬರಹದಲ್ಲೇ ಪಡೆಯಿರಿ. ವಾರಕ್ಕೆ 40 ಗಂಟೆ ದಾಟಿದರೆ ಒಂದೂವರೆ ಪಟ್ಟು ಎಂಬ ಫೆಡರಲ್ ನಿಯಮ ಅಂತರರಾಜ್ಯ ಲಾರಿ ಚಾಲಕರಿಗೆ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ. ಹಾಗಾಗಿ ಒಪ್ಪಂದದಲ್ಲಿ ಬರೆದಿದ್ದಷ್ಟೇ ಸಿಗುವುದು.

ಕಟ್ಟುವುದರಲ್ಲಿ ತಪ್ಪಿದರೆ ನೇರ ಸಂಬಳಕ್ಕೇ ಹೊಡೆತ. ಕಟ್ಟುಗಳ ಒಟ್ಟು ಕೆಲಸದ ಮಿತಿ (ವರ್ಕಿಂಗ್ ಲೋಡ್ ಲಿಮಿಟ್, ಅಂದರೆ ಅವು ಸುರಕ್ಷಿತವಾಗಿ ತಡೆಯಬಲ್ಲ ಭಾರ) ಸರಕಿನ ತೂಕದ ಅರ್ಧಕ್ಕಾದರೂ ಇರಬೇಕು. 44,000 ಪೌಂಡ್ ಸರಕಿಗೆ 22,000 ಬೇಕು. 5,400 ಪೌಂಡ್ ಮಿತಿಯ ನಾಲ್ಕಿಂಚಿನ ಪಟ್ಟಿ ನಾಲ್ಕು ಹಾಕಿದರೆ 21,600. ನಾನೂರು ಪೌಂಡ್ ಕಡಿಮೆಯಾಯಿತು, ತಪಾಸಣೆಯಲ್ಲಿ ಸಿಕ್ಕಿಬೀಳುತ್ತೀರಿ. ಐದನೆಯದು ಕಡ್ಡಾಯ. 3/8 ಇಂಚಿನ ಗ್ರೇಡ್ 70 (ಗಟ್ಟಿತನದ ದರ್ಜೆ) ಚೈನಾದರೆ ಒಂದಕ್ಕೆ 6,600, ನಾಲ್ಕು ಸಾಕು. ಇದಲ್ಲದೆ ಉದ್ದದ ನಿಯಮವೂ ಇದೆ: ಮುಂದೆ ತಡೆ ಇಲ್ಲದ ಸರಕಿಗೆ ಮೊದಲ ಹತ್ತು ಅಡಿಗೆ ಎರಡು ಕಟ್ಟು, ಆಮೇಲೆ ಪ್ರತಿ ಹತ್ತು ಅಡಿಗೆ ಅಥವಾ ಅದರ ಭಾಗಕ್ಕೆ ಒಂದೊಂದು. ಹೊರಟ ಮೊದಲ 50 ಮೈಲಿಯೊಳಗೆ ಒಮ್ಮೆ, ನಂತರ 150 ಮೈಲಿ ಅಥವಾ ಮೂರು ಗಂಟೆ, ಯಾವುದು ಮೊದಲೋ ಆಗ ಇಳಿದು ನೋಡಬೇಕು. ಓಡಿಸುವುದರಿಂದ ವಿಶ್ರಾಂತಿಗೆ ಎಂಬಂತೆ ಡ್ಯೂಟಿ ಸ್ಥಿತಿ ಬದಲಾದಾಗಲೂ ನೋಡಬೇಕು. ಪಟ್ಟಿ ಸಡಿಲವಾಗುವುದು ಹೆಚ್ಚಾಗಿ ಮೊದಲ ಮೈಲಿಗಳಲ್ಲೇ, ಸರಕು ಕುಳಿತುಕೊಂಡಾಗ. ರಸ್ತೆಯಲ್ಲಿ ತಡೆದು ನಿಲ್ಲಿಸಿದರೆ ಸರಿಪಡಿಸುವವರೆಗೆ ಮೈಲಿ ಇಲ್ಲ, ಹಣ ಇಲ್ಲ.

ಕಡಿತಗಳು

ತರಬೇತಿಯ ವಾರಗಳಲ್ಲಿ ಮೈಲಿ ದರ ಇರದೆ ನಿಗದಿತ ವಾರದ ಮೊತ್ತ ಕೊಡುವುದೇ ಹೆಚ್ಚು. ಮೊದಲ ವರ್ಷದ ಲೆಕ್ಕದಲ್ಲಿ ಅದನ್ನು ಬೇರೆಯಾಗಿ ಬರೆಯಿರಿ. ಕಂಪನಿಯೇ ಲೈಸೆನ್ಸ್ ಶಾಲೆಯ ಶುಲ್ಕ ಕಟ್ಟಿದ್ದರೆ, ಅವಧಿ ಮುಗಿಯುವ ಮೊದಲು ಬಿಟ್ಟವರಿಂದ ವಾಪಸ್ ಕೇಳುವ ಷರತ್ತು ಇರುತ್ತದೆ. ಚೈನು, ಪಟ್ಟಿ, ಟಾರ್ಪಾಲು ಕಂಪನಿಯದೋ ನಿಮ್ಮದೋ, ಹರಿದರೆ ಯಾರ ಖರ್ಚು ಎಂಬುದೂ ಮುಖ್ಯ.

ಸಂಬಳದ ಒಂದು ಭಾಗವನ್ನು ಊಟ ವಸತಿಯ ಭತ್ಯೆ ಎಂದು ತೋರಿಸುವ ಪದ್ಧತಿ ಇದೆ. ಅದಕ್ಕೆ ತೆರಿಗೆ ಬೀಳದ ಕಾರಣ ಕೈಗೆ ಸ್ವಲ್ಪ ಹೆಚ್ಚು ಬರುತ್ತದೆ. ಆದರೆ ಸಾಲ ಕೇಳುವಾಗ ಆದಾಯ ಕಡಿಮೆ ಕಾಣುತ್ತದೆ, ಸೋಷಿಯಲ್ ಸೆಕ್ಯುರಿಟಿ (ಸರ್ಕಾರಿ ಪಿಂಚಣಿ) ಖಾತೆಗೂ ಕಡಿಮೆಯೇ ಜಮೆ. ನಿಮ್ಮನ್ನು ನೌಕರ ಎನ್ನದೆ ಗುತ್ತಿಗೆದಾರ ಎಂದು 1099 ಎಂಬ ತೆರಿಗೆ ನಮೂನೆಯಲ್ಲಿ ಪಾವತಿಸಿದರೆ ಇನ್ನೂ ಎಚ್ಚರ: ನೌಕರನಿಗೆ ಸೋಷಿಯಲ್ ಸೆಕ್ಯುರಿಟಿ ಮುಂತಾದವಕ್ಕೆ ಶೇ. 7.65 ಕಡಿತವಾಗುವಲ್ಲಿ ನಿಮಗೆ ಸ್ವಯಂ ಉದ್ಯೋಗ ತೆರಿಗೆ ಶೇ. 15.3. ಕಂಪನಿಯ ಟ್ರಕ್ಕನ್ನೇ ಕಂತಿನಲ್ಲಿ ಕೊಳ್ಳುವ ಯೋಜನೆಯನ್ನು ಮೊದಲ ವರ್ಷದಲ್ಲಿ ಮುಟ್ಟದಿರುವುದೇ ಒಳ್ಳೆಯದು. ಮೈಲಿ ಇಲ್ಲದ ವಾರದಲ್ಲೂ ಕಂತು ಕಟ್ಟಲೇಬೇಕು.

ಕಾಯಿಸಿದ್ದಕ್ಕೆ ಹಣ ಬೇಕಾದರೆ ಗೇಟಿಗೆ ಬಂದ ಹೊತ್ತು, ಹೊರಬಿದ್ದ ಹೊತ್ತು ಎರಡನ್ನೂ ಸರಕಿನ ರಸೀದಿಯ ಮೇಲೆ ಬರೆಸಿ ಸಹಿ ಹಾಕಿಸಿ, ಅಲ್ಲಿಂದಲೇ ಡಿಸ್ಪ್ಯಾಚರ್‌ಗೆ (ಕಂಪನಿಯಲ್ಲಿ ಲೋಡು ಹಂಚುವವರಿಗೆ) ಫೋಟೊ ಕಳಿಸಿ. ಎರಡು ಗಂಟೆ ಉಚಿತ, ಆಮೇಲೆ ಎಣಿಕೆ ಎನ್ನುವುದು ಸಾಮಾನ್ಯ ವಾಡಿಕೆ. ಹೊತ್ತಿಗೆ ದಾಖಲೆ ಇಲ್ಲದಿದ್ದರೆ ಕಂಪನಿ ಗ್ರಾಹಕನಿಂದ ವಸೂಲು ಮಾಡಲಾಗದು, ನಿಮಗೂ ಕೊಡದು.